ಬಜ್ ಒಂದಿದೆ. ಅದಕ್ಕೆ ಜೋಡಿಯಾಗಿ ಇನ್ಯಾವ ಮಿಡ್‌ರೇಂಜ್ ಡಿಸ್ಕ್ ಕೊಳ್ಳಲಿ?

ನೀವು ಕೇಳಿದ್ದು ಇಷ್ಟು. ಅಮೆರಿಕದ ಶಾರ್ಲಟ್‌ಗೆ ಬಂದು ಎಂಟು ತಿಂಗಳಾಯಿತು, ಆಫೀಸಿನವರ ಜೊತೆ ಡಿಸ್ಕ್ ಗಾಲ್ಫ್ ಶುರು ಮಾಡಿದ್ದೀರಿ, ಅದೇ, ತಟ್ಟೆಯಂಥ ಡಿಸ್ಕನ್ನು ಆದಷ್ಟು ಕಡಿಮೆ ಎಸೆತದಲ್ಲಿ ಬಾಸ್ಕೆಟ್‌ಗೆ ಹಾಕುವ ಆಟ. ಎಸೆಯುವುದು ಬಲಗೈ ಬ್ಯಾಕ್‌ಹ್ಯಾಂಡ್, ಅಂದರೆ ತೋಳನ್ನು ಎದೆಗೆ ಅಡ್ಡ ತಂದು ಬೀಸುವುದು. ಮಿಡ್‌ರೇಂಜ್ (ದೂರದ ಡ್ರೈವರ್‌ಗೂ ಹತ್ತಿರದ ಪಟರ್‌ಗೂ ನಡುವಿನ ಡಿಸ್ಕ್) ಅಂತ ಇರುವುದು ಡಿಸ್ಕ್ರಾಫ್ಟ್ ಕಂಪನಿಯವರ ಒಂದು ಬಜ್, ಚೆನ್ನಾಗಿ ಬಿದ್ದರೆ 200 ಅಡಿ ಹೋಗುತ್ತದೆ. ಇನ್ನೆರಡು ಕೊಳ್ಳಬೇಕು. ಒಬ್ಬ ಗೆಳೆಯ ರಾಕ್3 ತಗೋ ಅನ್ನುತ್ತಾನೆ, ಇನ್ನೊಬ್ಬ ಮತ್ತೊಂದು ಬಜ್ಜೇ ತಗೋ ಅನ್ನುತ್ತಾನೆ. ಯಾರ ಮಾತು ಕೇಳಲಿ?

ಇಬ್ಬರೂ ತಪ್ಪು ಹೇಳಿಲ್ಲ. ಆದರೆ ಅವರು ಹೇಳಿದ್ದು ಅವರವರ ತೋಳಿಗೆ, ನಿಮ್ಮ ತೋಳಿಗಲ್ಲ.

ನಾನೂ ಇದೇ ಊರಲ್ಲಿ ಒಂಬತ್ತು ವರ್ಷದಿಂದ ಆಡುತ್ತಿದ್ದೇನೆ. ಮೊದಲ ವರ್ಷವೇ ನನ್ನ ಚೀಲದಲ್ಲಿ ನಾಲ್ಕು ಮಿಡ್ ಇದ್ದವು. ನಾಲ್ಕು ಕಂಪನಿ, ನಾಲ್ಕು ಬಣ್ಣ. ಒಂದೊಂದರ ನಂಬರನ್ನೂ ಎಕ್ಸೆಲ್ ಶೀಟಿಗೆ ಹಾಕಿ, ಒಂದು ಮಾಡುವ ಕೆಲಸ ಇನ್ನೊಂದು ಮಾಡಬಾರದು ಅಂತ ಲೆಕ್ಕ ಹಾಕಿ ಕೊಂಡಿದ್ದೆ. ನಗಬೇಡಿ. ಒಂದು ಶನಿವಾರ ಬೆಳಿಗ್ಗೆ ಮಗಳನ್ನು ಕರೆದುಕೊಂಡು ಅವಳ ಸ್ಕೂಲಿನ ಮೈದಾನಕ್ಕೆ ಹೋದೆ. ಹುಲ್ಲಿನ ಮೇಲೆ ಇನ್ನೂ ಇಬ್ಬನಿ ಇತ್ತು. ನಾನು ಎಸೆಯುವುದು, ಅವಳು ಆರಿಸಿ ತರುವುದು, ನಾನು ಹಳೇ ಪಂಚೆ ತುಂಡಲ್ಲಿ ಒರೆಸಿ ಮತ್ತೆ ಎಸೆಯುವುದು. ಮೂರನೇ ಸುತ್ತಿಗೆ ಅವಳು ಅಲ್ಲೇ ನಿಂತು ಕೂಗಿದಳು. "ಅಪ್ಪಾ, ಎಲ್ಲಾ ಇಲ್ಲೇ ಬೀಳ್ತಾ ಇದೆ. ನಾನು ಇಲ್ಲೇ ಕೂತಿರ್ತೀನಿ, ನೀನೇ ಬಾ."

ಹೋಗಿ ನೋಡಿದೆ. ನಾಲ್ಕೂ ಒಂದು ಜಮಖಾನ ಹಾಸುವಷ್ಟು ಜಾಗದಲ್ಲಿ ಬಿದ್ದಿದ್ದವು. ನಾನು ಗುರಿಯಿಟ್ಟ ಕಂಬದಿಂದ ಸುಮಾರು ಮೂವತ್ತು ಅಡಿ ಎಡಕ್ಕೆ.

ಯಾಕೆ ಹೀಗಾಯಿತು ಅಂತ ಅರ್ಥವಾದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಡಿಸ್ಕಿನ ನಾಲ್ಕು ಅಂಕಿ ಗೊತ್ತಲ್ವಾ, ಸ್ಪೀಡ್, ಗ್ಲೈಡ್, ಟರ್ನ್, ಫೇಡ್. ಬಜ್‌ಗೆ 5, 4, -1, 1. ಮಿಡ್‌ಗಳ ಸ್ಪೀಡ್ ಹೆಚ್ಚು ಕಡಿಮೆ 4 ಅಥವಾ 5, ಅಲ್ಲಿ ಆರಿಸಲು ಏನೂ ಇಲ್ಲ. ಗ್ಲೈಡ್ ಅಂದರೆ ಎಷ್ಟು ತೇಲುತ್ತದೆ ಅಂತ. ನೋಡಬೇಕಾದ್ದು ಕೊನೆಯ ಎರಡನ್ನು. ಟರ್ನ್ ಅಂದರೆ ಕೈಬಿಟ್ಟಾಗಿನ ಜೋರಿನಲ್ಲಿ ಡಿಸ್ಕ್ ಬಲಕ್ಕೆ ಎಷ್ಟು ಸರಿಯುತ್ತದೆ ಅಂತ. ಮೈನಸ್ ಜಾಸ್ತಿಯಾದಷ್ಟೂ ಬಲಕ್ಕೆ ಜಾಸ್ತಿ. ಫೇಡ್ ಅಂದರೆ ವೇಗ ಇಳಿದ ಮೇಲೆ ಎಡಕ್ಕೆ ಎಷ್ಟು ಎಳೆಯುತ್ತದೆ ಅಂತ. ಇದು ಬಲಗೈ ಬ್ಯಾಕ್‌ಹ್ಯಾಂಡಿನ ಲೆಕ್ಕ, ಎಡಗೈಯವರು ಉಲ್ಟಾ ಓದಿಕೊಳ್ಳಬೇಕು.

ಈ ಅಂಕಿ ಕೊಡುವುದು ಆಯಾ ಕಂಪನಿಯೇ. ಆಟದ ನಿಯಮ ನೋಡಿಕೊಳ್ಳುವ ಪಿಡಿಜಿಎ ಸಂಘದವರು ಡಿಸ್ಕಿನ ಅಳತೆ, ತೂಕ, ಅಂಚು ಪರೀಕ್ಷಿಸಿ ಒಪ್ಪಿಗೆ ಕೊಡುತ್ತಾರೆ. ಹೇಗೆ ಹಾರುತ್ತದೆ ಅನ್ನುವುದು ಅವರ ಪರೀಕ್ಷೆಯಲ್ಲಿಲ್ಲ. ಹಾಗಾಗಿ ಒಂದು ಕಂಪನಿಯ 2 ಇನ್ನೊಂದು ಕಂಪನಿಯ 3 ಆಗಿರಬಹುದು. ಅದು ಸಣ್ಣ ವಿಷಯ. ದೊಡ್ಡ ವಿಷಯ ಏನೆಂದರೆ, ಟರ್ನ್ ಸುಮ್ನೆ ಬರುವುದಿಲ್ಲ, ಅದಕ್ಕೆ ವೇಗ ಬೇಕು.

ಬುಗುರಿ ಆಡಿದವರಿಗೆ ಇದು ಬೇಗ ಹೊಳೆಯುತ್ತದೆ. ತಿರುಗುವ ಬುಗುರಿಯನ್ನು ಒಂದು ಕಡೆಗೆ ತಳ್ಳಿ ನೋಡಿ, ಅದು ಆ ಕಡೆ ಬೀಳುವುದಿಲ್ಲ, ಪಕ್ಕಕ್ಕೆ ಹೊರಳುತ್ತದೆ. ಡಿಸ್ಕೂ ಹಾಗೇ. ಜೋರಾಗಿ ಹೋಗುವಾಗ ಗಾಳಿ ಅದನ್ನು ನಡುವಿಗಿಂತ ಸ್ವಲ್ಪ ಹಿಂದೆ ಎತ್ತುತ್ತದೆ. ಮೂತಿ ತಗ್ಗಬೇಕು, ಆದರೆ ತಿರುಗುತ್ತಿರುವುದರಿಂದ ತಗ್ಗುವ ಬದಲು ಬಲಕ್ಕೆ ವಾಲುತ್ತದೆ. ವೇಗ ಇಳಿದು ಕೆಳಗೆ ಬರತೊಡಗಿದಾಗ ಎತ್ತುವ ಬಲ ಮುಂದಕ್ಕೆ ಸರಿಯುತ್ತದೆ. ಮೂತಿ ಏಳಬೇಕು, ಏಳುವ ಬದಲು ಎಡಕ್ಕೆ ವಾಲುತ್ತದೆ. 200 ಅಡಿ ಎಸೆಯುವ ಕೈಯಲ್ಲಿ ಮೊದಲ ಭಾಗ ಬರುವುದೇ ಇಲ್ಲ ಅನ್ನಿ. ಎರಡನೆಯದು ಮಾತ್ರ ಉಳಿಯುತ್ತದೆ. 300 ಅಡಿ ಎಸೆಯುವ ನಿಮ್ಮ ಗೆಳೆಯನಿಗೆ ಬಜ್ ಅಂದರೆ ದಾರ ಹಿಡಿದ ಹಾಗೆ ನೇರ ಹೋಗುವ ಡಿಸ್ಕ್. ನಿಮಗೆ ಅದೇ ಬಜ್ ಎಡಕ್ಕೆ ತಿರುಗುವ ಡಿಸ್ಕ್.

ಈಗ ರಾಕ್3 ನೋಡಿ. ಇನ್ನೋವಾ ಕಂಪನಿಯವರು ಅದಕ್ಕೆ ಕೊಟ್ಟಿರುವುದು 5, 4, 0, 3. ನಿಮ್ಮ ಕೈಯಲ್ಲಿ ಅದೂ ಎಡಕ್ಕೇ, ಬಜ್‌ಗಿಂತ ಬೇಗ, ಬಜ್‌ಗಿಂತ ಹತ್ತಿರ. ಎರಡೂ ಎಡಗಾಲಿನ ಚಪ್ಪಲಿ ಕೊಂಡ ಹಾಗಾಯಿತು.

ಹಾಗಾಗಿ ನೀವು ಮೊದಲು ಕೊಳ್ಳಬೇಕಾದ್ದು ಅಂಡರ್‌ಸ್ಟೇಬಲ್ ಮಿಡ್, ಅಂದರೆ ಸುಲಭವಾಗಿ ಬಲಕ್ಕೆ ವಾಲುವಂಥದ್ದು. ಇನ್ನೋವಾದ ಪ್ಯಾಂಥರ್ ಇದೆ, 5, 4, -2, 1. ಸ್ಟಿಂಗ್‌ರೇ ಇದೆ, 4, 5, -3, 1. ಬಜ್‌ನದೇ ತಮ್ಮ ಬಜ್ ಎಸ್ಎಸ್ ಇದೆ. ನಾನಾಗಿದ್ದರೆ ನಿಮಗೆ ಬಜ್ ಎಸ್ಎಸ್ ಕೊಡಿಸುತ್ತಿದ್ದೆ, ಕಾರಣ ಕೆಳಗೆ ಹೇಳುತ್ತೇನೆ. ಸ್ಟಿಂಗ್‌ರೇ ಕಲಿಯಲು ಬಹಳ ಒಳ್ಳೆಯದು, ಆದರೆ ಜೋರು ಎದುರುಗಾಳಿಯಲ್ಲಿ ಹಪ್ಪಳದ ಹಾಗೆ ಮಗುಚಿಕೊಳ್ಳುತ್ತದೆ. ತೂಕ 165ರಿಂದ 170 ಗ್ರಾಂ ಸಾಕು. ಮಿಡ್‌ಗೆ ಭಾರ ಇದ್ದಷ್ಟೂ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಈ ಒಂದು ಡಿಸ್ಕಿಗೆ ಆ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಇದರಿಂದ ಏನು ಲಾಭ? ಶಾರ್ಲಟ್‌ನ ಕೋರ್ಸ್‌ಗಳು ನಿಮಗೆ ಗೊತ್ತೇ ಇವೆ. ರೀಡಿ ಕ್ರೀಕ್‌ಗೆ ಹೋಗಿದ್ದರೆ ನೋಡಿರುತ್ತೀರಿ, ಮರ, ಮರ, ಮತ್ತೆ ಮರ. ಕಾಲಡಿ ನಮ್ಮ ಹೊಲದ್ದೇ ಅನ್ನಿಸುವ ಕೆಮ್ಮಣ್ಣು, ಮಳೆ ಬಂದರೆ ಶೂಗೆ ಒಂದೊಂದು ಸೇರು ಅಂಟುತ್ತದೆ. ಇಂಥ ಕಾಡಿನಲ್ಲಿ ಸ್ಕೋರ್ ತೀರ್ಮಾನವಾಗುವುದು ದೂರದಿಂದಲ್ಲ, ಮೊದಲ ನೂರೈವತ್ತು ಅಡಿ ಮರಕ್ಕೆ ತಾಗದೆ ಹೋಯಿತಾ ಅನ್ನುವುದರಿಂದ. ನಾನು ಆಗಾಗ ಆಡುವ ಒಂದು ಹೋಲ್ ಇದೆ. ಮೊದಲ ಎಸೆತ ಎಸೆಯುವ ಟೀ ಪ್ಯಾಡಿನ ಮುಂದೆ ಹತ್ತು ಹನ್ನೆರಡು ಅಡಿ ಅಗಲದ ಓಣಿ, ಎರಡೂ ಕಡೆ ಪೈನ್. ಎರಡು ವರ್ಷ ಅಲ್ಲಿ ಬಜ್ ಎಸೆದು ಎಡಗಡೆಯ ಮೂರನೇ ಮರಕ್ಕೆ ಹೊಡೆದಿದ್ದೇನೆ. ಆ ಮರಕ್ಕೆ ನಾನು ಯಾರು ಅಂತ ಗೊತ್ತು.

ಅಲ್ಲಿ ಮೊದಲ ಸಲ ಪ್ಯಾಂಥರ್ ಎಸೆದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಹೊರ ಅಂಚನ್ನು ಸ್ವಲ್ಪ ಕೆಳಕ್ಕೆ ಬಾಗಿಸಿ ಹಿಡಿದು, ಅಂದರೆ ಹೈಜರ್‌ನಲ್ಲಿ, ಬಲ ಹಾಕದೆ ಬಿಟ್ಟೆ. ಎಡಕ್ಕೆ ವಾಲಿಕೊಂಡೇ ಹೊರಟಿತು. ಹೋಯಿತು, ಅದೇ ಮರ, ಅಂದುಕೊಂಡೆ. ನಲವತ್ತು ಅಡಿ ದಾಟುವಷ್ಟರಲ್ಲಿ ನಿಧಾನವಾಗಿ ಎದ್ದು ಮಟ್ಟಸವಾಯಿತು, ತಟ್ಟೆ ಮೇಜಿನ ಮೇಲೆ ಇಟ್ಟ ಹಾಗೆ. ಆಮೇಲೆ ಓಣಿಯ ನಡುವೆ ನೇರವಾಗಿ ತೇಲಿತು. ಕೊನೆಗೆ ಬಲಕ್ಕೆ ಒಂದು ಚೂರು, ಎಡಕ್ಕೆ ಒಂದು ಚೂರು, ಬಾಸ್ಕೆಟ್ ಹತ್ತಿರ ಕೂತಿತು. ಇದನ್ನೇ ಹೈಜರ್ ಫ್ಲಿಪ್ ಅನ್ನುತ್ತಾರೆ. ನಿಮ್ಮ ಬಜ್ ಈಗ ನಿಮಗೆ ಇದನ್ನು ಮಾಡಿ ಕೊಡುವುದಿಲ್ಲ.

ದೂರದ ಮಾತು ಬಂತಲ್ಲ, ಒಂದು ಅಡ್ಡ ಮಾತು. 2021ರಲ್ಲಿ ಯೂಟಾದ ಆಗ್ಡನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್. ಕೊನೆಯ ಹೋಲ್‌ನಲ್ಲಿ ಜೇಮ್ಸ್ ಕಾನ್ರಾಡ್ 247 ಅಡಿಯಿಂದ ನೇರ ಬಾಸ್ಕೆಟ್‌ಗೆ ಹಾಕಿ, ಪಾಲ್ ಮೆಕ್‌ಬೆತ್ ಜೊತೆ ಸಮ ಮಾಡಿಕೊಂಡು, ಪ್ಲೇ ಆಫ್‌ನಲ್ಲಿ ಗೆದ್ದರು. ಅದು ಮಿಡ್ ಕೂಡ ಅಲ್ಲ, ಎನ್ವಿ ಅನ್ನುವ ಪಟರ್. ದೂರಕ್ಕೆ ಅಂತ ಮಿಡ್ ಕೊಳ್ಳುವವರಿಗೆ ನಾನು ಯಾವಾಗಲೂ ಆ ವಿಡಿಯೋ ತೋರಿಸುತ್ತೇನೆ.

ಹಾಗಾದರೆ ರಾಕ್3 ಬೇಡವೇ ಬೇಡವಾ? ಬೇಕು, ಆದರೆ ಎರಡನೆಯದಾಗಿ. ಅದು ನಿಮಗೆ ಎರಡು ಕಾರಣಕ್ಕೆ ಬೇಕಾಗುತ್ತದೆ. ಒಂದು, ಎದುರುಗಾಳಿ. ಎದುರುಗಾಳಿಯಲ್ಲಿ ಡಿಸ್ಕಿಗೆ ಗಾಳಿ ಜೋರಾಗಿ ತಾಗುತ್ತದೆ, ಹಾಗಾಗಿ ಎಲ್ಲಾ ಡಿಸ್ಕೂ ಮಾಮೂಲಿಗಿಂತ ಜಾಸ್ತಿ ಬಲಕ್ಕೆ ವಾಲುತ್ತವೆ. ಹಿಂದಿನಿಂದ ಗಾಳಿ ಬಂದರೆ ಉಲ್ಟಾ. ಎದುರುಗಾಳಿಯಲ್ಲಿ ನಂಬಬಹುದಾದ್ದು ಓವರ್‌ಸ್ಟೇಬಲ್, ಅಂದರೆ ಬಲಕ್ಕೆ ಸುಲಭವಾಗಿ ವಾಲದೆ ಎಡಕ್ಕೇ ಎಳೆಯುವ ಡಿಸ್ಕ್ ಮಾತ್ರ. ಇನ್ನೊಂದು, ಫೋರ್‌ಹ್ಯಾಂಡ್. ಚಿಕ್ಕವರಿದ್ದಾಗ ಕೆರೆ ನೀರಿನ ಮೇಲೆ ಚಪ್ಪಟೆ ಕಲ್ಲು ಕುಪ್ಪಳಿಸುವಂತೆ ಎಸೆದಿದ್ದೀರಾ? ಫೋರ್‌ಹ್ಯಾಂಡ್ ಅಂದರೆ ಅದೇ. ಮೊಣಕೈ ಪಕ್ಕೆಗೆ, ಮಣಿಕಟ್ಟಿನ ಒಂದು ಏಟು. ನನಗೆ ಬ್ಯಾಕ್‌ಹ್ಯಾಂಡ್ ಕಲಿಯಲು ಒಂದು ವರ್ಷ ಹಿಡಿಯಿತು, ಫೋರ್‌ಹ್ಯಾಂಡ್ ಒಂದು ಮಧ್ಯಾಹ್ನದಲ್ಲಿ ಬಂತು. ಆದರೆ ಆ ಏಟಿಗೆ ಡಿಸ್ಕ್ ಅಲುಗಾಡಿಕೊಂಡು ಹೊರಡುತ್ತದೆ. ಅಂಡರ್‌ಸ್ಟೇಬಲ್ ಆದರೆ ಮಗುಚಿ ನೆಲಕ್ಕೆ ಉರುಳುತ್ತದೆ, ಓವರ್‌ಸ್ಟೇಬಲ್ ತಡೆದುಕೊಳ್ಳುತ್ತದೆ.

ಆಗ ರಾಕ್3 ತಗೊಳ್ಳಿ. ಇಲ್ಲವೇ ಗೇಟರ್, 5, 2, 0, 3, ಅದು ತೇಲುವುದೇ ಇಲ್ಲ, ಬೀಳಬೇಕಾದಲ್ಲಿ ಬೀಳುತ್ತದೆ. ಬಹಳ ಜನ ಈ ಜಾಗಕ್ಕೆ ಡಿಸ್ಕ್ರಾಫ್ಟ್ ಜೋನ್ ಇಟ್ಟುಕೊಳ್ಳುತ್ತಾರೆ. ಹೆಸರಿಗೆ ಪಟರ್, ಕೆಲಸ ಇದೇ. ಇದನ್ನು ಮಾತ್ರ ಭಾರ ನೋಡಿ ಕೊಳ್ಳಿ, 175ರ ಆಚೆ. ನಿಯಮದ ಪ್ರಕಾರ ವ್ಯಾಸದ ಒಂದೊಂದು ಸೆಂಟಿಮೀಟರಿಗೆ 8.3 ಗ್ರಾಂವರೆಗೆ ತೂಕ ಇರಬಹುದು. ಸುಮಾರು 21.7 ಸೆಂ.ಮೀ. ಅಗಲದ ಮಿಡ್‌ಗಳು 180 ಗ್ರಾಂಗೆ ನಿಲ್ಲುವುದು ಅದಕ್ಕೇ.

ಇನ್ನು ಎರಡನೇ ಗೆಳೆಯ. ಮತ್ತೊಂದು ಬಜ್ ತಗೋ ಅಂದವನು. ನನಗೆ ಇವನ ಮೇಲೆ ಗೌರವ ಜಾಸ್ತಿ. ಇವನು ಹಳೇ ರಾಕ್ ಆಟಗಾರರ ಪಾಠ ಹೇಳುತ್ತಿದ್ದಾನೆ. ರಾಕ್3ಗಿಂತ ಮೊದಲಿನ ಮೂಲ ರಾಕ್ ಬಂದದ್ದು 1987ರಲ್ಲಿ. 12 ಸಲ ವಿಶ್ವ ಚಾಂಪಿಯನ್ ಆದ ಕೆನ್ ಕ್ಲೈಮೋ ಹೆಸರಿನ ಕೆಸಿ ರಾಕ್ ಅಂತಲೇ ಒಂದು ಇದೆ. ಆ ಕಾಲದವರ ಚೀಲದಲ್ಲಿ ಮೂರು ನಾಲ್ಕು ರಾಕ್ ಇರುತ್ತಿದ್ದವು, ಬೇರೆ ಮಿಡ್ಡೇ ಇಲ್ಲ. ಒಂದು ಹೊಸದು, ಅದು ಎಡಕ್ಕೆ. ಒಂದು ವರ್ಷ ಮರಕ್ಕೆ ಹೊಡೆಸಿಕೊಂಡದ್ದು, ನೇರ. ಒಂದು ಅಂಚೆಲ್ಲ ಕಿತ್ತು ಹೋದದ್ದು, ಬಲಕ್ಕೆ. ಹೊಸ ದೋಸೆ ಕಾವಲಿ ಮೊದಲು ಕಚ್ಚಿಕೊಳ್ಳುತ್ತದೆ, ಹಾಕಿ ಹಾಕಿ ಪಳಗುತ್ತದೆ. ಡಿಸ್ಕೂ ಪಳಗುತ್ತದೆ, ಪಳಗಿದಷ್ಟೂ ಅಂಡರ್‌ಸ್ಟೇಬಲ್ ಆಗುತ್ತದೆ.

ಇದರಲ್ಲಿ ಒಂದು ಷರತ್ತಿದೆ. ಪ್ಲಾಸ್ಟಿಕ್ ಅಗ್ಗದ್ದಾಗಿರಬೇಕು. ಇನ್ನೋವಾದ ಡಿಎಕ್ಸ್, ಡಿಸ್ಕ್ರಾಫ್ಟ್‌ನ ಪ್ರೋ ಡಿ, ಇಂಥವು. ನಿಮ್ಮ ಬಜ್ ಯಾವ ಪ್ಲಾಸ್ಟಿಕ್ ಅಂತ ನೀವು ಬರೆದಿಲ್ಲ. ಗಾಜಿನ ಹಾಗೆ ಆಚೆ ಕಡೆ ಕಾಣುವ ಜೀ (Z) ಪ್ಲಾಸ್ಟಿಕ್ ಆಗಿದ್ದರೆ ಅದು ಪಳಗಲು ವರ್ಷಗಳೇ ಬೇಕು. ಪ್ರೋ ಡಿ ಆಗಿದ್ದರೆ, ಎಂಟು ತಿಂಗಳು ಶಾರ್ಲಟ್‌ನ ಪೈನ್ ಮರಗಳಿಗೆ ಬಡಿದಿದ್ದರೆ, ನಿಮ್ಮ ಅಂಡರ್‌ಸ್ಟೇಬಲ್ ಮಿಡ್ ಈಗಾಗಲೇ ನಿಮ್ಮ ಚೀಲದಲ್ಲೇ ತಯಾರಾಗುತ್ತಿದೆ. ಆಗ ಗೆಳೆಯನ ಮಾತು ಕೇಳಿ, ಇನ್ನೊಂದು ಹೊಸ ಬಜ್ ಕೊಂಡು ಸುಮ್ಮನಾಗಿ. ಬೆರಳಿಂದ ಅಂಚು ಸವರಿ ನೋಡಿದರೆ ಗೊತ್ತಾಗುತ್ತದೆ. ತರಚು, ಗಂಟು ಸಿಕ್ಕಿದರೆ ಪಳಗುತ್ತಿದೆ ಅಂತ ಅರ್ಥ.

ಬಜ್ ಎಸ್ಎಸ್ ಯಾಕೆ ಅಂದೆ ಅಂದರೆ, ಕೈ. ರಾಕ್ ತಿರುಗಿಸಿ ಕೆಳ ಅಂಚು ಮುಟ್ಟಿ, ಒಂದು ಸಣ್ಣ ಉಬ್ಬುಗೆರೆ ಇರುತ್ತದೆ. ಅದನ್ನು ಬೀಡ್ ಅನ್ನುತ್ತಾರೆ. ಬಜ್‌ಗೂ ಬಜ್ ಎಸ್ಎಸ್‌ಗೂ ಅದಿಲ್ಲ, ನಯವಾಗಿವೆ. ಒಂದು ಹೋಲ್‌ನಲ್ಲಿ ಬೀಡ್ ಇರುವುದು, ಮುಂದಿನದರಲ್ಲಿ ಇಲ್ಲದ್ದು ಹಿಡಿದರೆ ಬೆರಳು ಗಲಿಬಿಲಿಯಾಗುತ್ತದೆ, ಕೈಬಿಡುವ ಹೊತ್ತು ಹೆಚ್ಚು ಕಡಿಮೆ ಆಗುತ್ತದೆ. ಅಂಗಡಿಯಲ್ಲಿ ಕಣ್ಣು ಮುಚ್ಚಿ ನಿಮ್ಮ ಬಜ್ಜನ್ನೂ ಕೊಳ್ಳಬೇಕೆಂದಿರುವುದನ್ನೂ ಹಿಡಿದು ನೋಡಿ. ಯಾವುದು ಯಾವುದು ಅಂತ ತಟ್ಟನೆ ಗೊತ್ತಾಗದಿದ್ದರೆ ಒಳ್ಳೆಯ ಜೋಡಿ.

ಅಂಗಡಿಯಲ್ಲೇ ಇನ್ನೊಂದು ಮಾಡಿ. ಒಂದೇ ಹೆಸರಿನ ಎರಡು ಮೂರು ಡಿಸ್ಕನ್ನು ಗಾಜಿನ ಕೌಂಟರ್ ಮೇಲೆ ಇಟ್ಟು, ಬಗ್ಗಿ ಕಣ್ಣನ್ನು ಅದರ ಮಟ್ಟಕ್ಕೆ ತನ್ನಿ. ಹೊರ ಅಂಚಿನಲ್ಲಿ ಅಚ್ಚಿನ ಎರಡು ಭಾಗ ಸೇರುವ ಗೆರೆ ಕಾಣುತ್ತದೆ. ಆ ಗೆರೆ ಕೌಂಟರ್‌ನಿಂದ ಎತ್ತರದಲ್ಲಿದ್ದಷ್ಟೂ ಡಿಸ್ಕ್ ಜಾಸ್ತಿ ಓವರ್‌ಸ್ಟೇಬಲ್, ತಗ್ಗಿನಲ್ಲಿದ್ದರೆ ಕಡಿಮೆ. ಬಿಸಿ ಪ್ಲಾಸ್ಟಿಕ್ ಆರುವಾಗ ಒಂದೊಂದು ಒಂದೊಂದು ತರ ಕುಗ್ಗುತ್ತದೆ, ಹಾಗಾಗಿ ಒಂದೇ ಪೆಟ್ಟಿಗೆಯ ಎರಡು ಬಜ್ ಕೂಡ ಅವಳಿ ಅಲ್ಲ. ನಿಮ್ಮ ಬಜ್ ಚೀಲದಲ್ಲಿ ತೆಗೆದುಕೊಂಡು ಹೋಗಿ ಪಕ್ಕದಲ್ಲೇ ಇಟ್ಟು ನೋಡಿ. ನಾನು ಹೀಗೆ ಬಗ್ಗಿ ನೋಡುವಾಗ ಅಂಗಡಿಯವನು ಏನಾದರೂ ಬಿದ್ದುಹೋಯಿತಾ ಅಂತ ಕೇಳಿದ್ದ. ಕೇಳಲಿ ಬಿಡಿ.

ಇಷ್ಟಕ್ಕೂ ಮೊದಲು, ದುಡ್ಡು ಬಿಚ್ಚುವ ಮುಂಚೆ, ಗಾಳಿಯಿಲ್ಲದ ಒಂದು ಬೆಳಿಗ್ಗೆ ಖಾಲಿ ಮೈದಾನಕ್ಕೆ ಹೋಗಿ. ಒಂದು ಕಂಬಕ್ಕೆ ಗುರಿಯಿಟ್ಟು ಬಜ್ಜನ್ನು ಹತ್ತು ಸಲ ಮಟ್ಟಸವಾಗಿ ಎಸೆಯಿರಿ. ಪೂರ್ತಿ ಜೋರಲ್ಲ, ಮುಕ್ಕಾಲು. ಹತ್ತರಲ್ಲಿ ಏಳೆಂಟು ಕಂಬದ ಎಡಕ್ಕೆ ಬಿದ್ದರೆ ಮೇಲೆ ಹೇಳಿದ್ದೆಲ್ಲ ನಿಮಗೇ ಹೇಳಿದ್ದು. ಹೆಚ್ಚಿನವು ನೇರ ಅಥವಾ ಬಲಕ್ಕೆ ಬಿದ್ದರೆ ನಿಮ್ಮ ಬಜ್ ಪಳಗಿದೆ, ಇಲ್ಲವೇ ನಿಮ್ಮ ತೋಳು ನೀವು ಅಂದುಕೊಂಡದ್ದಕ್ಕಿಂತ ಜೋರಾಗಿದೆ. ಆಗ ರಾಕ್3 ಅಂದ ಗೆಳೆಯನಿಗೆ ಒಂದು ಕಾಫಿ ಕೊಡಿಸಿ.

ಯಾವುದೇ ಕೊಂಡರೂ ಬಣ್ಣ ಗುಲಾಬಿಯೋ ತಿಳಿನೀಲಿಯೋ ಇರಲಿ. ಅಕ್ಟೋಬರ್, ನವೆಂಬರ್‌ನಲ್ಲಿ ಎಲೆ ಉದುರಿ ಇಡೀ ಕಾಡು ಕಂದು, ಹಳದಿ, ಕಿತ್ತಳೆ ಆಗುತ್ತದೆ. ನನ್ನ ಕಿತ್ತಳೆ ಬಣ್ಣದ ಪ್ಯಾಂಥರ್, ಮೂರು ವರ್ಷ ಪಳಗಿಸಿದ್ದು, ಟೀಯಿಂದ ಇನ್ನೂರು ಅಡಿಯೊಳಗೆ ಕಣ್ಣೆದುರೇ ಬಿತ್ತು. ನಾಲ್ಕು ಜನ ಮುಕ್ಕಾಲು ಗಂಟೆ ಕಾಲಿನಿಂದ ಎಲೆ ಒದ್ದುಕೊಂಡು ಹುಡುಕಿದೆವು. ಸಿಗಲಿಲ್ಲ.