ಅಜ್ಜಿಯ ದೀಪ ನಾಲ್ಕನೇ ಪುಟದಲ್ಲಿ ಯಾಕೆ?

ಡೊಂಬಿವಲಿಯ ಗೆಳೆಯರಿಗೆ ನಮಸ್ಕಾರ.

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ಉತ್ತರವನ್ನು ಇಲ್ಲೇ, ಎಲ್ಲರೂ ಓದುವ ಹಾಗೆ ಕೊಡುತ್ತಿದ್ದೇನೆ. ನೀವು ಮಾಡಿದ ತಪ್ಪನ್ನೇ ಈ ತಿಂಗಳು ಇನ್ನೂ ಮೂವರು ಮಾಡಿದ್ದಾರೆ. ಒಬ್ಬರು ಸಿನಿಮಾದ ಬಗ್ಗೆ, ಇಬ್ಬರು ಕ್ರಿಕೆಟ್ ಬಗ್ಗೆ.

'ಒಂದು ನಿರಾಶಾದಾಯಕ ಉತ್ತರಭಾಗ' ಎಂಬ ನಿಮ್ಮ ಲೇಖನ ತಲುಪಿತು. ಆರು ಪುಟ. 2010ರಲ್ಲಿ ಬಂದ 'ಅಮ್ನೀಷಿಯಾ: ದ ಡಾರ್ಕ್ ಡಿಸೆಂಟ್' ಎಂಬ ಹಾರರ್ ಗೇಮ್ ಆಡಿ ನೀವು ಚೆನ್ನಾಗಿ ಹೆದರಿದ್ದಿರಿ. ಅದರ ಮುಂದಿನ ಭಾಗಕ್ಕೆ ಮೂರು ವರ್ಷ ಕಾದಿರಿ. 2013ರಲ್ಲಿ 'ಅಮ್ನೀಷಿಯಾ: ಅ ಮಷೀನ್ ಫಾರ್ ಪಿಗ್ಸ್' ಬಂತು, ಆಡಿದಿರಿ, ಬೇಜಾರಾಯಿತು. ಆಡುವ ರೀತಿ ಸಪ್ಪೆ, ಕತೆ ಹೇಳಿದ ರೀತಿ ಇನ್ನೂ ಸಪ್ಪೆ ಎನ್ನುವುದು ನಿಮ್ಮ ದೂರು. ಇಷ್ಟು ತಿಳಿಯಲು ನಾನು ಮೂರನೇ ಪುಟದವರೆಗೆ ನಡೆಯಬೇಕಾಯಿತು. ಮೊದಲೆರಡು ಪುಟಗಳಲ್ಲಿ ಗುಹೆಯಲ್ಲಿದ್ದ ಮನುಷ್ಯನಿಗೆ ಸಿಡಿಲಿನ ಭಯ ಹೇಗಿತ್ತು ಎಂಬ ವಿವರಣೆ ಇದೆ. ಅವನನ್ನು ಗುಹೆಯಲ್ಲೇ ಬಿಡಿ ಮಾರಾಯರೇ.

ಈ ರೂಪದಲ್ಲಿ ಲೇಖನ ಹಾಕಲು ಆಗುವುದಿಲ್ಲ. ಆದರೆ ವಾಪಸ್ ಕಳಿಸಿ ಸುಮ್ನೆ ಕೂರಲೂ ಮನಸ್ಸು ಬರಲಿಲ್ಲ. ಕಾರಣ ನಾಲ್ಕನೇ ಪುಟದ ನಡುವೆ ಇರುವ ಈ ಸಾಲುಗಳು:

"ಸಣ್ಣವನಿದ್ದಾಗ ನಮ್ಮ ಏರಿಯಾದಲ್ಲಿ ದಿನಾ ಕರೆಂಟ್ ಹೋಗುತ್ತಿತ್ತು. ಅಜ್ಜಿ ಸೀಮೆಎಣ್ಣೆ ದೀಪ ಹಚ್ಚಿ ನನ್ನ ಪುಸ್ತಕದ ಪಕ್ಕ ಇಡುತ್ತಿದ್ದರು. ನಾನು ಬರೆದು ಮುಗಿಸಿದ ಕೂಡಲೇ ಬತ್ತಿ ಇಳಿಸುತ್ತಿದ್ದರು. ಮಾತಾಡ್ಲಿಕ್ಕೆ ಬೆಳಕು ಯಾಕೆ ಎನ್ನುತ್ತಿದ್ದರು. ಗೇಮ್‌ನಲ್ಲಿ ಲಾಟೀನಿನ ಎಣ್ಣೆ ತಳಕ್ಕೆ ಬಂದಾಗ ನಾನೂ ದೀಪ ಆರಿಸಿ, ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತೆ."

ಇದನ್ನು ಓದಿ ಮುಗಿಸುವಷ್ಟರಲ್ಲಿ ನನ್ನ ಚಹಾ ಆರಿತ್ತು. ಇದು ನಿಮ್ಮ ಲೇಖನ. ಉಳಿದದ್ದೆಲ್ಲ ಇದರ ಮೇಲೆ ನೀವು ಹೊದಿಸಿದ ಗೋಣಿಚೀಲ.

ಒಂದೇ ಒಂದು ತಕರಾರು. ನಿಮ್ಮ ಅಜ್ಜಿ ಮೂಡಬಿದಿರೆ ಕಡೆಯವರು ಎಂದು ಮೊದಲನೇ ಪುಟದಲ್ಲಿ ಬರೆದಿದ್ದೀರಿ. ಅವರು ಸೀಮೆಎಣ್ಣೆ ಎಂದಿರಲಾರರು, ಚಿಮಿಣಿ ಎಣ್ಣೆ ಎಂದಿರುತ್ತಾರೆ. ಅದನ್ನೇ ರೇಷನ್ ಅಂಗಡಿಯವನು ಘಾಸಲೇಟ್ ಎಂದಿರುತ್ತಾನೆ. ಸೀಮೆಎಣ್ಣೆ ಎನ್ನುವುದು ನಿಮ್ಮ ಪಠ್ಯಪುಸ್ತಕದ ಮಾತು. ಒಂದೇ ಡಬ್ಬಿಗೆ ಮನೆಯೊಳಗೆ ಒಂದು ಹೆಸರು, ಕ್ಯೂನಲ್ಲಿ ಇನ್ನೊಂದು. ಇದು ಮುಂಬಯಿಯಲ್ಲಿ ಬೆಳೆದ ಕನ್ನಡದ ಹುಡುಗನಿಗೆ ಮಾತ್ರ ಗೊತ್ತಿರುವ ಸಂಗತಿ. ಅದನ್ನು ಬಿಟ್ಟುಕೊಟ್ಟು ಗುಹೆಯ ಮನುಷ್ಯನನ್ನು ಹಿಡಿದಿದ್ದೀರಲ್ಲ!

ಈಗ ಗೇಮ್‌ಗೆ ಬರೋಣ. ಅರವತ್ತು ದಾಟಿದ ಸಂಪಾದಕನಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದುಕೊಳ್ಳಬೇಡಿ. ನಿಮ್ಮ ಲೇಖನ ಬಂದ ಮೇಲೆ ಮುಲುಂಡಿನಲ್ಲಿರುವ ಅಕ್ಕನ ಮಗನ ಮನೆಗೆ ಎರಡು ಭಾನುವಾರ ಹೋದೆ. ಎರಡೂ ಗೇಮ್ ಅವನು ಆಡಿದ, ನಾನು ನೋಡಿದೆ. ಒಮ್ಮೆ ಮೌಸ್ ನನ್ನ ಕೈಗೂ ಕೊಟ್ಟ. ಮೊದಲ ಗೇಮ್‌ನಲ್ಲಿ ಬಾಗಿಲು ತೆರೆಯಲು ಬಟನ್ ಒತ್ತಿದರೆ ಸಾಲದು. ಒತ್ತಿ ಹಿಡಿದು ಮೌಸನ್ನು ಎಳೆಯಬೇಕು. ಕೈ ಎಷ್ಟು ಎಳೆಯುತ್ತದೋ ಬಾಗಿಲೂ ಅಷ್ಟೇ ತೆರೆಯುತ್ತದೆ. ನಾನು ಎರಡು ಬೆರಳಿನಷ್ಟು ತೆರೆದೆ, ಆಚೆ ಕಡೆ ಏನೋ ಉಸಿರಾಡಿದ ಸದ್ದು ಬಂತು, ಮೆಲ್ಲಗೆ ಮುಚ್ಚಿದೆ. "ಮಾವ, ನೀವು ಮುಚ್ಚಿದ್ದಕ್ಕೆ ಅದು ಹೋಗಲ್ಲ" ಎಂದ. ಅಕ್ಕ ಅಡುಗೆಮನೆಯಿಂದ ನಕ್ಕಳು. ನನಗೆ ನಗು ಬರಲಿಲ್ಲ.

ನೀವು ಇದನ್ನೆಲ್ಲ "ಮೊದಲ ಭಾಗದ ಯಾಂತ್ರಿಕತೆ ಅದ್ಭುತವಾಗಿದೆ" ಎಂಬ ಒಂದು ಸಾಲಲ್ಲಿ ಮುಗಿಸಿದ್ದೀರಿ. ಯಾಂತ್ರಿಕತೆ ಎಂದರೇನು? ಗೇಮ್ ಮೆಕ್ಯಾನಿಕ್ಸ್ ಎಂಬುದರ ಅನುವಾದ ಎಂದು ಗೊತ್ತಾಗಲು ನನಗೆ ಎರಡು ನಿಮಿಷ ಹಿಡಿಯಿತು. ಹೆಸರಿನಲ್ಲೇ ಮಷೀನ್ ಇರುವ ಗೇಮ್ ಬಗ್ಗೆ ಬರೆಯುವಾಗ ಯಾಂತ್ರಿಕತೆ ಎಂದರೆ ಓದುಗ ಬೇರೇನೋ ತಿಳಿದುಕೊಳ್ಳುತ್ತಾನೆ. ಆಡುವ ರೀತಿ ಎನ್ನಿ, ಇಲ್ಲ ಮೆಕ್ಯಾನಿಕ್ಸ್ ಎಂದೇ ಬರೆಯಿರಿ, ಯಾರೂ ಬೈಯುವುದಿಲ್ಲ. "ಮಾನಸಿಕ ಸ್ವಾಸ್ಥ್ಯ ಮಾಪಕ" ಅಂತೂ ಸರಕಾರಿ ಸುತ್ತೋಲೆಯಿಂದ ಬಿದ್ದ ಹಾಗಿದೆ. ಕತ್ತಲಲ್ಲಿ ಜಾಸ್ತಿ ಹೊತ್ತು ನಿಂತರೆ ಮೊದಲ ಗೇಮ್‌ನ ನಾಯಕ ಡೇನಿಯಲ್‌ನ ತಲೆ ಕೆಡುತ್ತದೆ, ರಾಕ್ಷಸನನ್ನು ದಿಟ್ಟಿಸಿ ನೋಡಿದರೂ ಕೆಡುತ್ತದೆ, ಕಣ್ಣು ಮಂಜಾಗುತ್ತದೆ. ಇಷ್ಟು ಹೇಳಿದರೆ ಆಯಿತಲ್ವಾ?

ಮೊದಲ ಗೇಮ್ ನಿಂತಿರುವುದೇ ಈ ಇಕ್ಕಟ್ಟಿನ ಮೇಲೆ. 1839, ಪ್ರಶ್ಯಾದ ಬ್ರೆನೆನ್‌ಬರ್ಗ್ ಕೋಟೆ, ಡೇನಿಯಲ್‌ನ ಕೈಯಲ್ಲಿ ಆಯುಧವಿಲ್ಲ. ದೀಪ ಹಚ್ಚಿದರೆ ರಾಕ್ಷಸನಿಗೆ ಕಾಣಿಸುತ್ತಾನೆ. ಆರಿಸಿದರೆ ತಲೆ ಕೆಡುತ್ತದೆ. ಎಣ್ಣೆ ಸ್ವಲ್ಪವೇ ಇದೆ. ಗೋಡೆಯ ಮೇಲಿನ ಪಂಜು ಹಚ್ಚಲು ಬೇಕಾದ ಚಕಮಕಿ ಡಬ್ಬಿಗಳೂ ಎಣಿಸಿದಷ್ಟೇ. ಪ್ರತಿ ಕೋಣೆಯಲ್ಲೂ ಲೆಕ್ಕ ಹಾಕಬೇಕು: ಇಲ್ಲಿ ಹಚ್ಚಲೋ, ಮುಂದಿನ ಕೋಣೆಗೆ ಉಳಿಸಲೋ? ನಿಮ್ಮ ಅಜ್ಜಿ ರೇಷನ್ ಕಾರ್ಡ್ ಇಟ್ಟುಕೊಂಡು ಹಾಕುತ್ತಿದ್ದದ್ದೂ ಇದೇ ಲೆಕ್ಕ. ಹೆದರಿಕೆ ಇದ್ದದ್ದು ರಾಕ್ಷಸನಲ್ಲಿ ಕಡಿಮೆ, ಎಣ್ಣೆಯ ಲೆಕ್ಕದಲ್ಲಿ ಜಾಸ್ತಿ.

ಎರಡನೇ ಗೇಮ್‌ನಲ್ಲಿ ಮ್ಯಾಂಡಸ್ ಎಂಬ ಲಂಡನ್ ಸಾಹುಕಾರನ ಕೈಗೆ ಕರೆಂಟಿನ ಲಾಟೀನು ಬಂತು. ಅದು ಮುಗಿಯುವುದೇ ಇಲ್ಲ. ಎಣ್ಣೆ ಇಲ್ಲ, ಚಕಮಕಿ ಇಲ್ಲ, ಸಾಮಾನು ಕೂಡಿಡುವ ಚೀಲ ಇಲ್ಲ, ತಲೆ ಕೆಡುವುದೂ ಇಲ್ಲ. ಮೊದಲ ಗೇಮ್‌ನಲ್ಲಿ ಕುರ್ಚಿ, ಪುಸ್ತಕ ಏನು ಬೇಕಾದರೂ ಎತ್ತಿ ನೋಡಬಹುದಿತ್ತು. ಇಲ್ಲಿ ಬಹಳಷ್ಟು ಸಾಮಾನು ಅಂಟಿಸಿದ ಹಾಗೆ ಕೂತಿದೆ. ಇನ್ನೊಂದು ಸಂಗತಿ ನೀವು ಬರೆದೇ ಇಲ್ಲ, ನನಗೆ ಆಶ್ಚರ್ಯವಾಯಿತು. ರಾಕ್ಷಸ ಹತ್ತಿರ ಬಂದರೆ ಈ ಲಾಟೀನು ಮಿಣುಕುತ್ತದೆ. ಅಂದರೆ ಮೊದಲ ಗೇಮ್‌ನಲ್ಲಿ ಕೈಕೊಡುತ್ತಿದ್ದ ದೀಪ ಇಲ್ಲಿ ಕಾವಲುಗಾರನಾಯಿತು. "ಬಂದ, ಅಡಗಿಕೋ" ಎಂದು ಅದೇ ಹೇಳಿಬಿಡುತ್ತದೆ. ನಿಮ್ಮ ನಿರಾಸೆ ಇರುವುದು ಇಲ್ಲಿ. ಐದನೇ ಪುಟದಲ್ಲಿ "ಭಯವೇ ಆಗಲಿಲ್ಲ" ಎಂದು ನಾಲ್ಕು ಸಲ ಬರೆದಿದ್ದೀರಿ. ದೀಪದ ಬಗ್ಗೆ ಒಂದು ಸಲ ಬರೆದಿದ್ದರೆ ಸಾಕಿತ್ತು.

"ಸೀಕ್ವೆಲ್ ಎಂದರೆ ಮೊದಲಿಗಿಂತ ಹೆಚ್ಚು ಇರಬೇಕು, ಇದರಲ್ಲಿ ಎಲ್ಲವನ್ನೂ ಕಿತ್ತುಕೊಂಡಿದ್ದಾರೆ" ಎಂದಿದ್ದೀರಿ. ಈ ವಾದ ನಿಲ್ಲುವುದಿಲ್ಲ. ಅಮ್ನೀಷಿಯಾ ಮಾಡಿದ ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್‌ನವರು ಅದಕ್ಕೂ ಮುಂಚೆ 'ಪೆನಂಬ್ರಾ' ಎಂಬ ಸರಣಿ ಮಾಡಿದ್ದರು. 2007ರ ಮೊದಲ ಭಾಗದಲ್ಲಿ ಸುತ್ತಿಗೆ, ಗುದ್ದಲಿ ಬೀಸಿ ಹೊಡೆದಾಡಬಹುದಿತ್ತು. 2008ರ ಎರಡನೇ ಭಾಗದಲ್ಲಿ ಆ ಹೊಡೆದಾಟವನ್ನೇ ತೆಗೆದರು. ಹೆದರಿಕೆ ಜಾಸ್ತಿಯೇ ಆಯಿತು. ಹಾಗಾಗಿ ಕಿತ್ತುಕೊಂಡದ್ದು ತಪ್ಪಲ್ಲ. ಕೈಯಿಂದ ಸುತ್ತಿಗೆ ಕಿತ್ತರೆ ಆಡುವವನು ಬೆವರುತ್ತಾನೆ. ಎಣ್ಣೆಯ ಚಿಂತೆ ಕಿತ್ತರೆ ಆರಾಮಾಗಿ ಅಡ್ಡಾಡುತ್ತಾನೆ. ಈ ವ್ಯತ್ಯಾಸ ಬರೆಯಿರಿ.

ಇನ್ನು ತಪ್ಪುಗಳು. ಎರಡನೇ ಗೇಮ್‌ನ ಕತೆ ನಡೆಯುವುದು 1889ರಲ್ಲಿ ಅಲ್ಲ, 1899ರ ಡಿಸೆಂಬರ್ 31ರ ರಾತ್ರಿ. ಹತ್ತು ವರ್ಷ ಹೋದರೆ ಹೋಗಲಿ ಎನ್ನುವ ಹಾಗಿಲ್ಲ, ಹೊಸ ಶತಮಾನದ ಭಯವೇ ಆ ಕತೆ. ಎರಡನೆಯದು ಇದಕ್ಕಿಂತ ದೊಡ್ಡದು. "ಫ್ರಿಕ್ಷನಲ್‌ನವರು ಸೋಮಾರಿಗಳಾದರು" ಎಂದು ಎರಡು ಪ್ಯಾರಾ ಬೈದಿದ್ದೀರಿ. ಈ ಗೇಮ್ ಕಟ್ಟಿದ್ದು ಅವರಲ್ಲ, ಇಂಗ್ಲೆಂಡಿನ ದ ಚೈನೀಸ್ ರೂಮ್ ಎಂಬ ಸ್ಟುಡಿಯೋ. ಫ್ರಿಕ್ಷನಲ್‌ನವರು ಹಿಂದೆ ನಿಂತು ಮಾಡಿಸಿದವರು. ಚೈನೀಸ್ ರೂಮ್‌ನವರಿಗೆ ಹೆಸರು ತಂದ 'ಡಿಯರ್ ಎಸ್ತರ್' ಗೇಮ್‌ನಲ್ಲಿ ದ್ವೀಪದ ಮೇಲೆ ನಡೆಯುವುದು, ದನಿಯೊಂದನ್ನು ಕೇಳುವುದು, ಅಷ್ಟೇ. ಅಂಥವರ ಕೈಗೆ ಅಮ್ನೀಷಿಯಾ ಕೊಟ್ಟರೆ ನಡೆದು ಕೇಳುವ ಅಮ್ನೀಷಿಯಾ ಬರುತ್ತದೆ. ಉಡುಪಿ ಹೋಟೆಲಿನ ಅಡುಗೆಭಟ್ಟರನ್ನು ಮಾಲ್ವಣಿ ಖಾನಾವಳಿಯಲ್ಲಿ ನಿಲ್ಲಿಸಿ, ಮೀನು ಸಾರಿಗೆ ಖಾರ ಸಾಲದು ಎಂದರೆ ಅವರೇನು ಮಾಡಿಯಾರು? ಸೋಮಾರಿತನ ಎಂದರೆ ಅನ್ಯಾಯ. ಅವರು ಬೇರೆಯದನ್ನೇ ಮಾಡಲು ಹೊರಟಿದ್ದರು. ನಿಮಗೆ ಅದು ಹಿಡಿಸಲಿಲ್ಲ ಎನ್ನಿ, ಒಪ್ಪುತ್ತೇನೆ.

ಕತೆಯ ವಿಷಯದಲ್ಲಿ ನನ್ನದು ಅರ್ಧ ಒಪ್ಪಿಗೆ. "ಎಲ್ಲಿ ನೋಡಿದರೂ ಚೀಟಿ, ಓದಿ ಓದಿ ಸಾಕಾಯಿತು" ಎಂದಿದ್ದೀರಿ. ಮೊದಲ ಗೇಮ್‌ನಲ್ಲೂ ಚೀಟಿಗಳೇ ಅಲ್ವಾ? ಆಗ ಯಾಕೆ ಸಾಕಾಗಲಿಲ್ಲ? ಈ ಪ್ರಶ್ನೆ ನೀವೇ ಕೇಳಿಕೊಳ್ಳಬೇಕಿತ್ತು. ಡೇನಿಯಲ್ ತಾನೇ ಔಷಧಿ ಕುಡಿದು ನೆನಪು ಅಳಿಸಿಕೊಂಡವನು, ಎಚ್ಚರಾದ ಮೇಲೆ ಓದಲೆಂದು ತನಗೇ ಪತ್ರ ಬರೆದಿಟ್ಟವನು. ಆ ಹಾಳೆಗಳಿಗೆ ಕಾರಣ ಇದೆ, ಆಡುವವನಿಗೂ ಅವನಿಗೂ ಗೊತ್ತಿರುವುದು ಒಂದೇ ಅಳತೆ. ಮ್ಯಾಂಡಸ್ ತನ್ನ ಇಬ್ಬರು ಮಕ್ಕಳನ್ನು ಹುಡುಕುತ್ತ ಹೋಗುತ್ತಾನೆ, ಫೋನಿನಲ್ಲಿ ಯಾರೋ ದಾರಿ ಹೇಳುತ್ತಾರೆ. ನಮಗೆ ಬೇಗನೆ ಸಂಶಯ ಬರುತ್ತದೆ, ಅವನಿಗೆ ಬಹಳ ಹೊತ್ತಾದ ಮೇಲೆ. ನಾವು ಮೆಟ್ಟಿಲ ಕೆಳಗೆ ಬಂದು ನಿಂತು ಅವನಿಗೆ ಕಾಯುತ್ತಿರುತ್ತೇವೆ. ಬೇಜಾರು ಬಂದದ್ದು ಆ ಕಾಯುವುದರಿಂದ. ಚೀಟಿಗಳ ತಪ್ಪೇನಿಲ್ಲ. (ಅಂದ ಹಾಗೆ, ಕೊನೆಯನ್ನು ಎರಡನೇ ಪುಟದಲ್ಲೇ ಹೇಳಿಬಿಟ್ಟಿದ್ದೀರಿ. ತೆಗೆಯಿರಿ.)

ಆದರೆ ಕತೆಯೇ "ಹುಚ್ಚು ಕಲ್ಪನೆ" ಎಂದದ್ದನ್ನು ಒಪ್ಪುವುದಿಲ್ಲ. ಮಾಂಸದ ಕಾರ್ಖಾನೆಯ ಸಾಹುಕಾರ, ನೆಲದಡಿಯಲ್ಲಿ ಒಂದು ಮಷೀನು, ಜಗತ್ತನ್ನು ತೊಳೆಯುತ್ತೇನೆ ಎಂದು ಮನುಷ್ಯರನ್ನೇ ಅದಕ್ಕೆ ಹಾಕುವ ಹುಚ್ಚು. ನೀವು ದಿನಾ ಲೋಕಲ್‌ನಲ್ಲಿ ಪರೇಲ್ ದಾಟಿ ಕೆಲಸಕ್ಕೆ ಹೋಗುವವರು. ಅಲ್ಲೊಂದು ಹೋಟೆಲಿನ ಗಲ್ಲೆಯಲ್ಲಿ ನನ್ನ ತಂದೆ ಕೂರುತ್ತಿದ್ದರು. 1982ರ ಜನವರಿ 18ಕ್ಕೆ ಬಟ್ಟೆ ಮಿಲ್ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ಬಂದರು. ಅಪ್ಪನ ಉದ್ರಿ ಪುಸ್ತಕದಲ್ಲಿ ಆ ವರ್ಷದ ಹೆಸರುಗಳ ಮುಂದೆ ಲೆಕ್ಕ ಹಾಗೇ ನಿಂತಿದೆ. ಅವರಲ್ಲಿ ಎಷ್ಟೋ ಜನ ಮತ್ತೆ ಬರಲೇ ಇಲ್ಲ. ಮಿಲ್‌ಗಳ ಜಾಗದಲ್ಲಿ ಈಗ ಮಾಲ್ ಇದೆ. ಆ ಪುಸ್ತಕ ನೋಡಿದ ನನಗೆ ಮ್ಯಾಂಡಸ್‌ನ ಮಷೀನು ಅಷ್ಟೇನೂ ಹುಚ್ಚು ಕಲ್ಪನೆ ಅನ್ನಿಸಲಿಲ್ಲ. ಗೇಮ್‌ನ ಮಾತುಗಳೂ, ಜೆಸ್ಸಿಕಾ ಕರಿ ಅವರ ಸಂಗೀತವೂ ಚೆನ್ನಾಗಿವೆ. ಚೆನ್ನಾಗಿರುವುದನ್ನು ಚೆನ್ನಾಗಿದೆ ಎಂದರೆ ನಿಮ್ಮ ಬೈಗುಳಕ್ಕೂ ತೂಕ ಬರುತ್ತದೆ.

ಭಾಷೆಯ ಬಗ್ಗೆ ಇನ್ನೊಂದೇ ಮಾತು. "ಇದು ತನ್ನ ಪೂರ್ವಾಧಿಕಾರಿಯ ಬೂಟುಗಳನ್ನು ತುಂಬಲು ವಿಫಲವಾಗಿದೆ." ಯಾವ ಬೂಟು? ಇಂಗ್ಲಿಷ್ ವಿಮರ್ಶೆ ಓದಿ ಓದಿ ನಿಮ್ಮ ಕೈ ಹಾಗೆ ತಿರುಗಿದೆ. ಅಜ್ಜಿಯ ಸಾಲುಗಳಲ್ಲಿ ಒಂದು ಬೂಟೂ ಇಲ್ಲ, ಗಮನಿಸಿ. ಮತ್ತೆ, ಹಂದಿಮುಖದ ರಾಕ್ಷಸರ ವರ್ಣನೆ ಎರಡನೇ ಪುಟದಲ್ಲೂ ಇದೆ, ಐದನೇ ಪುಟದಲ್ಲೂ ಇದೆ. ಟ್ರೇನಿನಲ್ಲಿ ನಿಂತುಕೊಂಡೇ ಟೈಪ್ ಮಾಡಿದೆ ಎಂದಿದ್ದೀರಿ. ಒಂದು ಠಾಣೆಗೆ ಮುಂಚೆ, ಇನ್ನೊಂದು ದಾದರ್ ದಾಟಿದ ಮೇಲೆ ಬರೆದದ್ದಿರಬೇಕು. ಮನೆಗೆ ಹೋಗಿ ಒಮ್ಮೆ ಓದಿ ನೋಡಿ. ಹತ್ತಕ್ಕೆ ನಾಲ್ಕೂವರೆ ಎಂಬ ಅಂಕವನ್ನೂ ತೆಗೆದುಬಿಡಿ. ನಾವು ಪರೀಕ್ಷೆ ತಿದ್ದುತ್ತಿಲ್ಲ.

ಹಾಗಾದರೆ ಏನು ಮಾಡಬೇಕು? ಅಜ್ಜಿಯ ದೀಪದಿಂದ ಶುರು ಮಾಡಿ. ಅಲ್ಲಿಂದ 2010ರ ಎಣ್ಣೆ ಲಾಟೀನಿಗೆ ಬನ್ನಿ, ಆಮೇಲೆ 2013ರ ಮುಗಿಯದ ಲಾಟೀನಿಗೆ. ಅಲ್ಲಿಗೇ ನಿಲ್ಲಿಸಬೇಡಿ. 2023ರಲ್ಲಿ ಫ್ರಿಕ್ಷನಲ್‌ನವರೇ ಮಾಡಿದ 'ಅಮ್ನೀಷಿಯಾ: ದ ಬಂಕರ್' ಆಡಿದ್ದೀರಾ? ಮೊದಲ ಮಹಾಯುದ್ಧದ ಬಂಕರು, ಅದರೊಳಗೆ ಜನರೇಟರು. ಅದಕ್ಕೆ ಇಂಧನ ತಂದು ಸುರಿಯುತ್ತಿರಬೇಕು, ಮುಗಿದರೆ ಲೈಟು ಹೋಗುತ್ತದೆ. ಕೈಯಲ್ಲಿರುವ ಟಾರ್ಚಿಗೆ ಹಗ್ಗ ಎಳೆದು ಎಳೆದು ಜೀವ ತುಂಬಬೇಕು. ಎಳೆದರೆ ಕರ್ರ್ ಎಂಬ ಸದ್ದು, ಸದ್ದಾದರೆ ರಾಕ್ಷಸ ಬರುತ್ತಾನೆ. ಎಣ್ಣೆಯ ಲೆಕ್ಕ ವಾಪಸ್ ಬಂದಿದೆ ನೋಡಿ. ನಿಮ್ಮ ದೂರಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಎಲ್ಲಿ ಸಿಗುತ್ತದೆ? ಆರು ಪುಟ ಬೇಡ, ಮೂರು ಸಾಕು. ತಿಂಗಳ ಇಪ್ಪತ್ತರೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಹಿಡಿಸುತ್ತೇನೆ.

ಕಳಿಸುವ ಮುಂಚೆ ಅಜ್ಜಿಯನ್ನೊಮ್ಮೆ ಕೇಳಿ. ಆ ದೀಪಕ್ಕೆ ಗಾಜು ಇತ್ತಾ, ಅಥವಾ ಔಷಧಿ ಶೀಶೆಯ ಮುಚ್ಚಳಕ್ಕೆ ತೂತು ಕೊರೆದು ಬತ್ತಿ ಹಾಕಿದ್ದಾ? ನೀವು ಬರೆದಿಲ್ಲ. ಎರಡರ ಹೊಗೆಯೂ ಬೇರೆ ಬೇರೆ.