ಚದುರಂಗದ ರಾಜ ಕೋಟೆ ಬಿಟ್ಟು ಹೊರಡಬಹುದೇ?

ಪ್ರಶ್ನೆ: ಮಳೆ ಜೋರಾಗಿ ಶಾಲೆಗೆ ರಜೆ ಕೊಟ್ಟ ದಿನಗಳಲ್ಲಿ ನಮ್ಮ ಮನೆಯ ಜಗಲಿಯಲ್ಲಿ ಚೆಸ್ ಆಟ ಶುರುವಾಗುತ್ತದೆ. ಕ್ಯಾಸ್ಲಿಂಗ್ (ರಾಜನನ್ನು ಆನೆಯ ಪಕ್ಕದ ಭದ್ರ ಮೂಲೆಗೆ ಸೇರಿಸುವ ನಡೆ) ಆದ ಮೇಲೆ ರಾಜನನ್ನು ಸುಮ್ಮನೆ ಕದಲಿಸಬಾರದೆಂದು ಮಗನಿಗೆ ಹೇಳಿಕೊಟ್ಟಿದ್ದೆ. ಅವನು ಮೊನ್ನೆ ರಾಣಿಗಳು ಇರುವಾಗಲೇ ರಾಜನನ್ನು ನಡುಹಲಗೆಗೆ ನಡೆಸಿ ಸೋತ. ಗ್ರ್ಯಾಂಡ್‌ಮಾಸ್ಟರ್ ಒಬ್ಬರು ಹೀಗೆಯೇ ಆಡಿ ಗೆದ್ದಿದ್ದಾರೆಂದು ವಾದಿಸುತ್ತಾನೆ. ಇದು ನಿಜವೇ? ನಿಜವಾದರೆ ಎದುರಾಳಿ ಸುಮ್ಮನಿದ್ದದ್ದೇಕೆ?
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ನಿಮ್ಮ ಮಗ ಹೇಳಿದ್ದು ನಿಜ. ಅವನು ನೋಡಿರುವುದು ಬಹುಶಃ 1991ರಲ್ಲಿ ನೆದರ್ಲೆಂಡ್ಸ್‌ನ ಟಿಲ್‌ಬರ್ಗ್‌ನಲ್ಲಿ ಇಂಗ್ಲೆಂಡಿನ ನೈಜೆಲ್ ಶಾರ್ಟ್ ಅವರು ಡಚ್ ಆಟಗಾರ ಯಾನ್ ಟಿಮ್ಮನ್ ಅವರ ವಿರುದ್ಧ ಬಿಳಿ ಕಾಯಿಗಳಿಂದ ಆಡಿದ ಆಟವನ್ನು. (ಮನೆಗಳ ಹೆಸರಿನಲ್ಲಿ ಅಕ್ಷರ ಬಿಳಿಯ ಎಡದಿಂದ ಎಣಿಸಿದ ಉದ್ದಸಾಲು, ಅಂಕಿ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು.) ಅದರಲ್ಲಿ ಬಿಳಿಯ ರಾಜ 31ನೆಯ ನಡೆಯಿಂದ ಜಿ1 ಮನೆ ಬಿಟ್ಟು ಎಚ್2, ಜಿ3, ಎಫ್4 ದಾಟಿ 34ನೆಯ ನಡೆಗೆ ಜಿ5ನ್ನು ಮುಟ್ಟುತ್ತಾನೆ; ಅಲ್ಲಿಗೆ ಟಿಮ್ಮನ್ ಸೋಲೊಪ್ಪಿದರು.

ಎದುರಾಳಿ ಸುಮ್ಮನಿದ್ದರು ಎನ್ನುವುದಕ್ಕಿಂತ ಅವರ ಕೈಕಾಲು ಕಟ್ಟಿಹೋಗಿತ್ತು ಎನ್ನುವುದು ಸರಿ. ಬಿಳಿಯ ರಾಣಿ ಎಫ್6ರಲ್ಲಿ ಕೂತು ಕರಿಯ ರಾಜನ ಉಸಿರು ಕಟ್ಟಿಸಿತ್ತು. ಡಿ7 ಮತ್ತು ಡಿ4ರಲ್ಲಿದ್ದ ಎರಡು ಆನೆಗಳು ಡಿ ಸಾಲನ್ನು ಪೂರ್ತಿ ಹಿಡಿದಿದ್ದವು. (ನಿಮ್ಮ ಕಡೆಯ ತೋಟಗಳಿಗೆ ಇಳಿಯುವ ಆನೆಗಳ ಹಾಗಲ್ಲ, ಇವು ನೆಟ್ಟಗಿನ ದಾರಿ ಬಿಟ್ಟು ಕದಲುವುದಿಲ್ಲ.) ಕರಿಯ ಆನೆಯೊಂದು ಎಫ್7ರ ಕಾಲಾಳನ್ನು ಕಾಯುತ್ತಾ ಎಫ್8ರಲ್ಲೇ ನಿಲ್ಲಬೇಕಾಗಿತ್ತು. ಕರಿಯ ರಾಣಿ ಸಿ6ರಲ್ಲಿ, ಅದರ ಬೆನ್ನಿಗೆ ಬಿ7ರಲ್ಲಿ ಒಂಟೆ. ಎರಡರ ದೃಷ್ಟಿಯೂ ಓರೆಸಾಲಿನ ತುದಿಯಲ್ಲಿರುವ ಜಿ2ರ ಮೇಲೆ. ಆ ಓರೆಸಾಲನ್ನು ಎಫ್3ರಲ್ಲಿ ತಡೆದು ನಿಂತಿದ್ದದ್ದು ಬಿಳಿಯ ಕುದುರೆ.

ಆಟದ ಸ್ವಾರಸ್ಯವೆಲ್ಲ ಈ ಕುದುರೆಯಲ್ಲಿದೆ ಎಂದು ನನಗನ್ನಿಸುತ್ತದೆ. ದಾಳಿಗೆ ಇನ್ನೊಂದು ಕಾಯಿ ಬೇಕು, ಹತ್ತಿರದ ಕುದುರೆಯನ್ನು ಕಳಿಸುವಂತಿಲ್ಲ, ರಾಣಿಯನ್ನೂ ಆನೆಗಳನ್ನೂ ಅಲುಗಿಸಿದರೆ ಹಿಡಿತ ಸಡಿಲವಾಗುತ್ತದೆ. ಕೆಲಸವಿಲ್ಲದೆ ಕೂತವನು ರಾಜನೊಬ್ಬನೇ. ಅವನು ಎಚ್6ಕ್ಕೆ ಬಂದರೆ ರಾಣಿ ಅವನ ಬೆಂಬಲದಿಂದ ಜಿ7ರಲ್ಲಿ ಶಹಮಾತು (ಚೆಕ್‌ಮೇಟ್) ಕೊಡುತ್ತದೆ. ಟಿಮ್ಮನ್ ಅಪಾಯಕ್ಕೆ ಉತ್ತರವೆಂದು 33ನೆಯ ನಡೆಯಲ್ಲಿ ಒಂಟೆಯನ್ನು ಸಿ8ಕ್ಕೆ ಹಿಂದೆಗೆದು ಡಿ7ರ ಆನೆಯ ಮೇಲೆ ಹಾಯಿಸಿದರು. ಶಾರ್ಟ್ ಆನೆಯನ್ನು ಕಾಯುವ ಗೋಜಿಗೇ ಹೋಗದೆ ರಾಜನನ್ನು ಜಿ5ಕ್ಕಿಟ್ಟರು. ಒಂಟೆ ಆನೆಯನ್ನು ಹೊಡೆದರೆ ರಾಜ ಎಚ್6, ಮುಂದಿನ ನಡೆಗೆ ಶಹಮಾತು. ಕರಿಯ ರಾಜ ಎಚ್7ಕ್ಕೆ ಸರಿದರೆ ರಾಣಿ ಜಿ6ರ ಕಾಲಾಳನ್ನೇ ಹೊಡೆದು ಶಹ (ಚೆಕ್) ಕೊಡುತ್ತದೆ. ಎಫ್7ರ ಕಾಲಾಳು ಡಿ7ರ ಆನೆಗೂ ತನ್ನ ರಾಜನಿಗೂ ನಡುವೆ ಸಿಕ್ಕಿಬಿದ್ದಿರುವುದರಿಂದ ಆ ರಾಣಿಯನ್ನು ಹೊಡೆಯಲಾರದು.

ರಾಜನ ನಡಿಗೆಗಳೆಲ್ಲ ಒಂದೇ ಬಗೆಯವಲ್ಲ. 1912ರಲ್ಲಿ ಲಂಡನ್ನಿನಲ್ಲಿ ಎಡ್ವರ್ಡ್ ಲಾಸ್ಕರ್ ಅವರು ಜಾರ್ಜ್ ಥಾಮಸ್ ಅವರ ರಾಜನನ್ನು ಶಹದ ಮೇಲೆ ಶಹ ಕೊಟ್ಟು ಜಿ8ರಿಂದ ಜಿ1ರ ತನಕ ಎಳೆದು ತಂದು ಶಹಮಾತು ಮಾಡಿದರು. ನಿಮ್ಮ ಮಗನ ರಾಜ ತಾನೇ ಹೊರಟರೂ ಕೊನೆಗೆ ಇದೇ ಗತಿ ಕಂಡಿರಬೇಕು. ರಾಣಿಗಳು ಹೊಡೆದಾಡಿ ಹೋದ ಮೇಲೆ ರಾಜ ಹೊರಗೆ ಬರಲೇಬೇಕು, ಅದನ್ನು ಅವನಿಗೆ ಖಂಡಿತ ಕಲಿಸಿ. ರಾಣಿಗಳು ಇರುವಾಗ ಹೊರಡುವುದಾದರೆ, ದಾರಿಯ ಪ್ರತಿ ಮನೆಯಲ್ಲೂ ಎದುರಾಳಿಗೆ ಕೊಡಲು ಯಾವ ಶಹ ಉಳಿದಿದೆ ಎಂದು ಮೊದಲು ಎಣಿಸಲಿ.

ಮುಂದಿನ ರಜೆಯ ದಿನ ಈ ಆಟವನ್ನು ಹಲಗೆಯ ಮೇಲೆ ಜೋಡಿಸಿ, ಕರಿಯ 30ನೆಯ ನಡೆಯಾದ ಕೂಡಲೇ ನಿಲ್ಲಿಸಿ, ಬಿಳಿಯ ನಡೆ ಯಾವುದೆಂದು ಅವನನ್ನು ಕೇಳಿ. ಕುದುರೆ ಜಿ5ಕ್ಕೆ ಎಂದನಾದರೆ ಬೈಯಬೇಡಿ. ಸಿ6ರ ರಾಣಿಯನ್ನೆತ್ತಿ ಜಿ2ರಲ್ಲಿಟ್ಟು ಶಹಮಾತು ತೋರಿಸಿ.