ಗ್ಯಾರೇಜ್ ಕಟ್ಟೆ: ಮಂಜು, ಫಾಗ್ ಲೈಟು ಮತ್ತು ನಮ್ಮ ಹಿಂದೆ ಬರುವವರು

ಮಳೆಗಾಲ ಶುರುವಾಯಿತು ಅಂದರೆ ನನಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ದೀಪದ ಬಗ್ಗೆಯೇ ಇರುತ್ತವೆ. ಸಕಲೇಶಪುರದಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡವನಿಗೆ ಇದೇನೂ ಹೊಸದಲ್ಲ. ಈ ಸಲ ಮಾತ್ರ ಒಂದು ಬದಲಾವಣೆ. ಮುಂದಿನ ದೀಪಕ್ಕಿಂತ ಹಿಂದಿನ ದೀಪದ ಬಗ್ಗೆ ಕೇಳಿದವರೇ ಜಾಸ್ತಿ. ಒಳ್ಳೆಯದಾಯಿತು. ಅದನ್ನು ಯಾರೂ ಕೇಳುವುದೇ ಇಲ್ಲ ಅಂತ ನನಗೆ ಬೇಜಾರಿತ್ತು.

ಪ್ರಶ್ನೆ: ಸರ್, ನಾನು ಕೊಟ್ಟಿಗೆಹಾರದ ಹತ್ತಿರ ಕಾಫಿ ಬೆಳೆಗಾರ. ವಾರಕ್ಕೊಮ್ಮೆಯಾದರೂ ಚಾರ್ಮಾಡಿ ಇಳಿದು ಉಜಿರೆಗೆ ಹೋಗಬೇಕು. ನನ್ನದು 2016ರ ಸಣ್ಣ ಕಾರು. ಹಿಂದೆ ಫಾಗ್ ಲೈಟ್ ಇಲ್ಲ. ಹೊರಗಿನಿಂದ ತಂದು ಹಾಕಿಸಬಹುದಾ? ಪೊಲೀಸರು, ಆರ್‌ಟಿಓದವರು ಏನಾದರೂ ಅಂತಾರಾ?
— ಓದುಗರು, ಮೂಡಿಗೆರೆ ತಾಲ್ಲೂಕು

ಉತ್ತರ: ನಿಮ್ಮ ರಸ್ತೆಗೆ ಇದು ಬೇಕೇ ಬೇಕು. ಹಿಂದಿನ ಫಾಗ್ ಲೈಟ್ ಅಂದರೆ ಮಂಜಿನಲ್ಲಿ ಹಿಂದೆ ಬರುವವರಿಗೆ ನಮ್ಮ ಗಾಡಿ ಕಾಣಲಿ ಅಂತ ಇರುವ ಕೆಂಪು ದೀಪ. ಕಾರಿನ ಸಾಮಾನ್ಯ ಟೇಲ್ ಲೈಟಿನ ಬಲ್ಬು 5 ವ್ಯಾಟ್. ಹಿಂದಿನ ಫಾಗ್ ಲೈಟಿನದು 21 ವ್ಯಾಟ್, ಅಂದರೆ ಬ್ರೇಕ್ ಲೈಟಿನಷ್ಟು. ಜುಲೈ ತಿಂಗಳ ಚಾರ್ಮಾಡಿ ಮಂಜಿನಲ್ಲಿ 5 ವ್ಯಾಟಿನ ದೀಪ ಹಿಂದಿನವನಿಗೆ ಕಾಣುವ ಹೊತ್ತಿಗೆ ಅವನು ನಿಮ್ಮ ಡಿಕ್ಕಿಯ ಹತ್ತಿರವೇ ಇರುತ್ತಾನೆ. ಗಂಟೆಗೆ 40 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಮುಗಿದಿರುತ್ತದೆ.

ಹೊಸದು ತರುವ ಮುಂಚೆ ಒಂದು ಕೆಲಸ ಮಾಡಿ. ಹಿಂದಿನ ದೀಪದ ಗಾಜಿನ ಮೇಲೆ, ಬಂಪರಿನ ಕೆಂಪು ತುಂಡುಗಳ ಮೇಲೆ ಟಾರ್ಚ್ ಬಿಟ್ಟು ನೋಡಿ. ಚಿಕ್ಕ ಚಿಕ್ಕ ಇಂಗ್ಲಿಷ್ ಅಕ್ಷರಗಳು ಅಚ್ಚಾಗಿರುತ್ತವೆ. ಆರ್ ಅಂದರೆ ಟೇಲ್ ಲೈಟ್, ಎಸ್ ಅಂದರೆ ಬ್ರೇಕ್ ಲೈಟ್, ಎಆರ್ ಅಂದರೆ ರಿವರ್ಸ್ ಲೈಟ್. ಒಂಟಿ ಎಫ್ ಅಕ್ಷರ ಕಂಡರೆ ಅದು ಹಿಂದಿನ ಫಾಗ್ ಲೈಟಿನ ಜಾಗ. ಒಂದೇ ಮಾದರಿಯ ಕಾರನ್ನು ಬೇರೆ ದೇಶಕ್ಕೂ ಕಳಿಸುವ ಕಂಪನಿಗಳು ಗಾಜನ್ನು ಒಂದೇ ಅಚ್ಚಿನಲ್ಲಿ ಮಾಡಿ, ಇಲ್ಲಿಯ ಗಾಡಿಗೆ ಬಲ್ಬು, ಹೋಲ್ಡರ್ ಮಾತ್ರ ಹಾಕದೆ ಬಿಡುವುದುಂಟು. ಹಾಗಿದ್ದರೆ ನಿಮಗೆ ಬಂಪರ್ ಕೊರೆಯುವ ಕೆಲಸವೇ ಇಲ್ಲ. ಕಂಪನಿಯ ಹೋಲ್ಡರ್, ಕಂಪನಿಯ ಸ್ವಿಚ್ ತರಿಸಿ ಹಾಕಿದರೆ ಮುಗಿಯಿತು. ಖರ್ಚು ಕಡಿಮೆ, ನೋಡುವವರಿಗೂ ಹೊರಗಿನದು ಅನ್ನಿಸುವುದಿಲ್ಲ.

ಎಫ್ ಕಾಣಲಿಲ್ಲ ಅಂದರೆ ಬಂಪರಿನ ಕೆಳಗೆ ಬೇರೆ ದೀಪ ಕೂರಿಸಬೇಕು. ಒಂದು ಸಾಕು. ಅದೂ ಬಲಗಡೆ, ಡ್ರೈವರ್ ಕೂರುವ ಕಡೆ. ಎಡಗಡೆ ಓಡಿಸುವ ದೇಶಗಳಲ್ಲಿ ಅದೇ ಪದ್ಧತಿ. ಒಂದೇ ಇದ್ದರೆ ಇನ್ನೊಂದು ಲಾಭ: ಎರಡು ಬ್ರೇಕ್ ಲೈಟು ಹತ್ತಿಕೊಂಡಿವೆ ಅಂತ ಹಿಂದಿನವನು ತಪ್ಪು ತಿಳಿಯುವುದಿಲ್ಲ. ಬ್ರೇಕ್ ಲೈಟಿಗೂ ಇದಕ್ಕೂ 100 ಮಿಲಿಮೀಟರ್‌ಗಿಂತ ಜಾಸ್ತಿ ಅಂತರ ಇರಲಿ. ಹತ್ತಿರ ಕೂರಿಸಿದರೆ ಬ್ರೇಕ್ ಒತ್ತಿದ್ದು ಗೊತ್ತೇ ಆಗುವುದಿಲ್ಲ. ನೆಲದಿಂದ 25 ಸೆಂಟಿಮೀಟರ್‌ಗಿಂತ ಕೆಳಗೆ ಬೇಡ, ಕೆಸರು ಮೆತ್ತಿಕೊಳ್ಳುತ್ತದೆ. ಒಂದು ಮೀಟರ್‌ಗಿಂತ ಮೇಲೂ ಬೇಡ. ಇವು ಯುರೋಪಿನ ಅಳತೆಗಳು, ನಮ್ಮ ಘಾಟಿಗೂ ಸರಿಯಾಗಿಯೇ ಹೊಂದುತ್ತವೆ.

ವೈರಿಂಗ್ ಮಾಡುವವರಿಗೆ ಈ ಪತ್ರಿಕೆ ತೋರಿಸಿ. ಬ್ಯಾಟರಿಯಿಂದ ಹೊರಟ ವೈರಿಗೆ ಬ್ಯಾಟರಿ ಹತ್ತಿರವೇ ಫ್ಯೂಸ್ ಬೇಕು. 21 ವ್ಯಾಟಿನ ಒಂದು ಬಲ್ಬು ಎಳೆಯುವುದು ಎರಡು ಆಂಪಿಯರ್‌ಗಿಂತ ಕಡಿಮೆ, 5 ಆಂಪಿಯರ್ ಫ್ಯೂಸ್ ಧಾರಾಳವಾಯಿತು. ನಾಲ್ಕು ಪಿನ್ನಿನ ರಿಲೇ (ಸ್ವಿಚ್ಚಿನ ಸಣ್ಣ ಕರೆಂಟಿನಿಂದ ದೀಪದ ಕರೆಂಟನ್ನು ಹರಿಸುವ ಡಬ್ಬಿ) ಹಾಕಿ. ಮುಂದಿನವು ಅದರ ಪಿನ್ ನಂಬರುಗಳು. ಫ್ಯೂಸಿನಿಂದ ಬಂದ ವೈರು 30ಕ್ಕೆ, ದೀಪಕ್ಕೆ ಹೋಗುವುದು 87ಕ್ಕೆ, 85 ಅರ್ತ್‌ಗೆ. 86ಕ್ಕೆ ಬರುವ ವೈರು ಡಿಮ್ ಲೈಟಿನಿಂದ (ಹೆಡ್‌ಲೈಟಿನ ಲೋ ಬೀಮ್) ಹೊರಟು ಡ್ಯಾಶ್‌ಬೋರ್ಡಿನ ಸ್ವಿಚ್ ಮೂಲಕ ಬರಬೇಕು. ಇದೇ ಮುಖ್ಯ. ಹೆಡ್‌ಲೈಟ್ ಆರಿಸಿದ ಕೂಡಲೇ ಫಾಗ್ ಲೈಟೂ ಆರಬೇಕು. ನೇರ ಬ್ಯಾಟರಿಗೆ ಕೊಟ್ಟರೆ ಹಗಲಿಡೀ ಉರಿಸಿಕೊಂಡು ತಿರುಗುತ್ತೀರಿ, ನಿಮಗೆ ಗೊತ್ತೂ ಆಗುವುದಿಲ್ಲ. ಸ್ವಿಚ್ಚಿನಲ್ಲಿ ಒಂದು ಹಳದಿ ಸೂಚಕ ದೀಪ ಇರಲೇಬೇಕು. ಯಾಕೆಂದರೆ ಈ ದೀಪ ನಮ್ಮ ಕಣ್ಣಿಗೆ ಬೀಳುವ ಜಾಗದಲ್ಲಿ ಇರುವುದೇ ಇಲ್ಲ.

ಅರ್ತ್ ವೈರನ್ನು ಬಣ್ಣ ಕೆರೆದ ಲೋಹದ ಬೋಲ್ಟಿಗೆ ಕಟ್ಟಿ. ವೈರು ಬಾಡಿಯೊಳಗೆ ನುಗ್ಗುವ ತೂತಿಗೆ ರಬ್ಬರ್ ಗ್ರೋಮೆಟ್ ಹಾಕಿಸಿ. ಜಾಯಿಂಟುಗಳಿಗೆ ಬರೀ ಕರಿ ಟೇಪ್ ಸುತ್ತಿ ಕಳಿಸುವವರ ಹತ್ತಿರ ಮಾಡಿಸಬೇಡಿ. ನಮ್ಮ ಮಲೆನಾಡಿನ ಒಂದು ಮಳೆಗಾಲಕ್ಕೆ ಆ ತಾಮ್ರ ಹಸಿರಾಗಿರುತ್ತದೆ. ಬಿಳಿ ಎಲ್‌ಇಡಿ ಬಲ್ಬನ್ನು ಕೆಂಪು ಗಾಜಿನ ಹಿಂದೆ ಹಾಕುವ ಐಡಿಯಾ ಯಾರಾದರೂ ಕೊಟ್ಟರೆ ಬೇಡ ಅನ್ನಿ. ಕೆಂಪು ಗಾಜು ಬಿಳಿ ಬೆಳಕಿನ ಬಹುಪಾಲನ್ನು ನುಂಗಿಬಿಡುತ್ತದೆ. ಇನ್ನೊಂದು ಎಚ್ಚರಿಕೆ: ಈಚಿನ ಕಾರುಗಳಲ್ಲಿ ದೀಪಗಳನ್ನು ಕಂಪ್ಯೂಟರೇ ನೋಡಿಕೊಳ್ಳುತ್ತದೆ. ಅಂಥ ಗಾಡಿಯಲ್ಲಿ ಹೆಡ್‌ಲೈಟ್ ವೈರಿಗೆ ಕೊಕ್ಕೆ ಹಾಕಿದರೆ ಡ್ಯಾಶ್‌ಬೋರ್ಡ್ ತುಂಬ ಎರರ್ ಬರಬಹುದು. ವಾರಂಟಿ ಇದ್ದರೆ ಶೋರೂಮಿನಲ್ಲೇ ಮಾಡಿಸಿ.

ಈಗ ಕಾನೂನು. ನಮ್ಮ ದೇಶದಲ್ಲಿ ಹಿಂದಿನ ಫಾಗ್ ಲೈಟ್ ಇರಲೇಬೇಕು ಅಂತಿಲ್ಲ. ಅದಕ್ಕೇ ಎಷ್ಟೋ ಕಾರುಗಳಲ್ಲಿ ಇಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೇ ನಿಯಮದ ಪ್ರಕಾರ ಹಿಂದಕ್ಕೆ ಕಾಣುವ ದೀಪ ಕೆಂಪಗಿರಬೇಕು. ರಿವರ್ಸ್ ಲೈಟ್, ನಂಬರ್ ಪ್ಲೇಟ್ ಲೈಟ್, ಇಂಡಿಕೇಟರ್ ಥರದ್ದಕ್ಕೆ ಮಾತ್ರ ವಿನಾಯಿತಿ. ನಿಮ್ಮದು ಕೆಂಪೇ, ಬಣ್ಣದ ತಕರಾರಿಲ್ಲ. ಆದರೆ ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಇದೆ. ಅನುಮತಿ ಇಲ್ಲದ ರೀತಿಯಲ್ಲಿ ಬಿಡಿಭಾಗ ಜೋಡಿಸಿ ಗಾಡಿ ಬದಲಾಯಿಸಿದರೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಅದಕ್ಕೇ ಮೊದಲು ಎಫ್ ಹುಡುಕಿ ಅಂದದ್ದು. ಕಂಪನಿಯೇ ಬಿಟ್ಟ ಜಾಗದಲ್ಲಿ ಕಂಪನಿಯ ಸಾಮಾನು ಕೂತರೆ ಜಗಳಕ್ಕೆ ಎಡೆ ಕಡಿಮೆ. ಬೇರೆ ದೀಪ ಹಾಕಿಸುವುದಾದರೆ ಪ್ರಮಾಣೀಕರಣದ ಗುರುತು ಇರುವುದನ್ನೇ ತನ್ನಿ, ಬಿಲ್ ಇಟ್ಟುಕೊಳ್ಳಿ, ಕೊರೆಯುವ ಮುಂಚೆ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಒಂದು ಮಾತು ಕೇಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸ್ಕೋಡಾ ತೆಗೆದುಕೊಂಡೆ. ಸಿಗ್ನಲ್‌ನಲ್ಲಿ ಹಿಂದಿನವರು ಹಾರ್ನ್ ಹೊಡೆದು "ನಿಮ್ಮ ಬಲಗಡೆ ಬ್ರೇಕ್ ಲೈಟ್ ಆರ್ತಾನೇ ಇಲ್ಲ" ಅಂತಾರೆ. ಮೆಕ್ಯಾನಿಕ್ ಬ್ರೇಕ್ ಸ್ವಿಚ್ ಬದಲಾಯಿಸಿದರು. ಆದರೂ ಹಾಗೇ ಇದೆ.
— ಓದುಗರು, ಎಲೆಕ್ಟ್ರಾನಿಕ್ ಸಿಟಿ

ಉತ್ತರ: ನಿಮ್ಮ ಬ್ರೇಕ್ ಸ್ವಿಚ್ ಸುಮ್ನೆ ಹೋಯಿತು ಅಂತ ಕಾಣುತ್ತೆ! ಅವರು ನೋಡಿದ್ದು ಬ್ರೇಕ್ ಲೈಟಲ್ಲ, ಹಿಂದಿನ ಫಾಗ್ ಲೈಟ್ ಇರಬೇಕು. ಸ್ಕೋಡಾ, ಫೋಕ್ಸ್‌ವ್ಯಾಗನ್ ಕಾರುಗಳಲ್ಲಿ ಸ್ಟೀರಿಂಗ್ ಪಕ್ಕದ ದುಂಡನೆಯ ಲೈಟ್ ಸ್ವಿಚ್ ಇದ್ದರೆ, ಹೆಡ್‌ಲೈಟಿಗೆ ತಿರುಗಿಸಿ ಹೊರಕ್ಕೆ ಎಳೆದು ನೋಡಿ. ಒಂದು ಕ್ಲಿಕ್ಕಿಗೆ ಮುಂದಿನ ಫಾಗ್ ಲೈಟ್, ಇನ್ನೊಂದಕ್ಕೆ ಹಿಂದಿನದು. ನಿಮ್ಮದು ಎಳೆದೇ ಇರಬೇಕು. ಒಳಕ್ಕೆ ಒತ್ತಿ. ಡ್ಯಾಶ್‌ಬೋರ್ಡಿನಲ್ಲಿ ಉರಿಯುತ್ತಿದ್ದ ಹಳದಿ ಗುರುತು ಆರಿದರೆ ರೋಗ ವಾಸಿ.

ಮಳೆ ಬಂದಾಗ ಹಾಕಬಹುದಾ ಅಂತಲೂ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಸಿಲ್ಕ್ ಬೋರ್ಡಿನ ಮಳೆಗೆ ಬೇಡ. ಬ್ರಿಟನ್ನಿನಲ್ಲಿ ಎದುರಿನದು ಸುಮಾರು 100 ಮೀಟರ್ ಆಚೆ ಕಾಣದಾದಾಗ ಮಾತ್ರ ಹಾಕಿ ಅನ್ನುತ್ತಾರೆ. ಜರ್ಮನಿಯಲ್ಲಿ ಇನ್ನೂ ಬಿಗಿ: ಮಂಜಿನಿಂದ 50 ಮೀಟರ್ ಒಳಗಷ್ಟೇ ಕಂಡರೆ ಮಾತ್ರ, ಆಗ ವೇಗವೂ 50 ಕಿ.ಮೀ. ದಾಟುವಂತಿಲ್ಲ. ಅಲ್ಲಿ ಹೆದ್ದಾರಿ ಪಕ್ಕದ ಕಂಬಗಳು ಸಾಮಾನ್ಯವಾಗಿ 50 ಮೀಟರಿಗೊಂದು ಇರುತ್ತವೆ, ನೋಡಿಕೊಂಡೇ ಲೆಕ್ಕ ಹಾಕಬಹುದು. ನಾಲ್ಕು ಕಾರು ಮುಂದಿನದು ಕಾಣುವ ಟ್ರಾಫಿಕ್ಕಿನಲ್ಲಿ ಇದನ್ನು ಉರಿಸಿದರೆ ಹಿಂದಿನವನ ಒದ್ದೆ ಗಾಜಿನ ತುಂಬ ಕೆಂಪು ಚೆಲ್ಲುತ್ತದೆ. ನಿಮ್ಮ ಬ್ರೇಕ್ ಲೈಟು ಅದರಲ್ಲೇ ಮುಳುಗಿ ಹೋಗುತ್ತದೆ.

ಪ್ರಶ್ನೆ: ಮಡಿಕೇರಿಯಿಂದ ಸಂಪಾಜೆ ಇಳಿಯುವಾಗ ಮಂಜು ಬಂದ ಕೂಡಲೇ ನಮ್ಮ ಯಜಮಾನರು ನಾಲ್ಕೂ ಇಂಡಿಕೇಟರ್ ಮಿಣುಕಿಸಿಕೊಂಡು ಓಡಿಸುತ್ತಾರೆ. ನಾನು ಬೇಡ ಅಂತೀನಿ. "ಫಾಗ್ ಲೈಟ್ ಇಲ್ಲದ ಗಾಡಿಗೆ ಇದೇ ಫಾಗ್ ಲೈಟ್" ಅಂತಾರೆ. ಯಾರು ಸರಿ?
— ಓದುಗರು, ಮಡಿಕೇರಿ

ಉತ್ತರ: ನೀವೇ ಸರಿ ಅಮ್ಮ. ಹಜಾರ್ಡ್ ಲೈಟ್ ಅಂದರೆ ಗಾಡಿ ಕೆಟ್ಟು ನಿಂತಿದೆ, ಸುತ್ತಿಕೊಂಡು ಹೋಗಿ ಅಂತ ಅರ್ಥ. ಓಡುವ ಗಾಡಿಯಲ್ಲಿ ಅದನ್ನು ಹಾಕಿದರೆ ಹಿಂದಿನವನು ಓವರ್‌ಟೇಕ್ ಮಾಡಲು ಬಲಕ್ಕೆ ತೆಗೆಯುತ್ತಾನೆ. ಸಂಪಾಜೆಯ ತಿರುವಿನಲ್ಲಿ ಎದುರಿಂದ ಬಸ್ಸು ಬಂದರೆ? ಅದೂ ಅಲ್ಲದೆ, ಹೆಚ್ಚಿನ ಕಾರುಗಳಲ್ಲಿ ಹಜಾರ್ಡ್ ಒತ್ತಿದ ಮೇಲೆ ಇಂಡಿಕೇಟರ್ ಕೆಲಸಕ್ಕೆ ಬರುವುದಿಲ್ಲ. ಅವರು ಎಡಕ್ಕೆ ನಿಲ್ಲಿಸುತ್ತಾರೋ ಬಲಕ್ಕೆ ತಿರುಗುತ್ತಾರೋ ದೇವರಿಗೇ ಗೊತ್ತು. ಡಿಮ್ ಲೈಟ್ ಹಾಕಲಿ. ಆಗ ಟೇಲ್ ಲೈಟೂ ಹತ್ತುತ್ತದೆ. ಹೊರಡುವ ಮುಂಚೆ ಒದ್ದೆ ಬಟ್ಟೆಯಿಂದ ಹಿಂದಿನ ಗಾಜು ಒರೆಸಲಿ. ತೀರಾ ಏನೂ ಕಾಣದಿದ್ದರೆ ರಸ್ತೆ ಬಿಟ್ಟು ಪೂರ್ತಿ ಪಕ್ಕಕ್ಕೆ ನಿಲ್ಲಿಸಿ, ಆಗ ಬೇಕಾದಷ್ಟು ಮಿಣುಕಿಸಲಿ. ಈ ಉತ್ತರ ಯಜಮಾನರಿಗೆ ಓದಿ ಹೇಳುವಾಗ ನನ್ನ ಹೆಸರು ಹೇಳಬೇಡಿ. ಅವರು ನಮ್ಮ ಅಂಗಡಿಗೆ ಬರುವವರಾಗಿದ್ದರೆ ಕಷ್ಟ.

ಪ್ರಶ್ನೆ: ಹಳದಿ ಬಲ್ಬು ಮಂಜನ್ನು ಸೀಳುತ್ತೆ ಅನ್ನೋದು ನಿಜವಾ?
— ಓದುಗರು, ಆಗುಂಬೆ

ಉತ್ತರ: ಇಲ್ಲ. ಮಂಜಿನ ಹನಿ ನಮ್ಮ ಕಣ್ಣಿಗೆ ಎಷ್ಟೇ ಸಣ್ಣದಾದರೂ ಬೆಳಕಿನ ಅಲೆಗಿಂತ ತುಂಬ ದೊಡ್ಡದು. ಹಳದಿ, ಬಿಳಿ ಎಲ್ಲವನ್ನೂ ಹೆಚ್ಚುಕಮ್ಮಿ ಒಂದೇ ರೀತಿ ಚೆಲ್ಲಾಡುತ್ತದೆ. ಫ್ರಾನ್ಸಿನಲ್ಲಿ 1993ರವರೆಗೆ ಕಾರುಗಳ ಹೆಡ್‌ಲೈಟೇ ಹಳದಿ ಇತ್ತು, ಆಮೇಲೆ ಬಿಟ್ಟರು. ಕಣ್ಣಿಗೆ ಸ್ವಲ್ಪ ಹಿತ ಅನ್ನಿಸಿದರೆ ಅದು ಬೇರೆ ಮಾತು. ಮುಂದಿನ ಫಾಗ್ ಲೈಟ್ ಕೆಲಸ ಮಾಡುವುದು ಅದು ಕೆಳಗೆ ಕೂತಿರುವುದರಿಂದ, ಬೆಳಕು ಮೇಲಕ್ಕೆ ಏಳದೆ ಅಗಲಕ್ಕೆ ಹರಡುವುದರಿಂದ. ರಸ್ತೆಯ ಬಿಳಿ ಪಟ್ಟೆ ಕಂಡರೆ ಸಾಕಲ್ವಾ? ಹೈ ಬೀಮ್ ಮಾತ್ರ ಹಾಕಬೇಡಿ. ಎದುರಿಗೆ ಬಿಳಿ ಗೋಡೆ ಎದ್ದು ನಿಲ್ಲುತ್ತದೆ.

ಪ್ರಶ್ನೆ: ಅಂಕಲ್, ನನ್ನ ಜೀಪಿನ ಮುಂದೆ ಎಲ್‌ಇಡಿ ಬಾರ್, ಹಿಂದೆ ನೀಲಿ ಲೈಟು, ಬ್ರೇಕ್ ಹಾಕಿದರೆ ಪಟಪಟ ಅಂತ ಮಿಂಚುವ ಸ್ಟ್ರೋಬ್ ಹಾಕಿಸಬೇಕು. ಒಳ್ಳೇ ಬ್ರ್ಯಾಂಡ್ ಹೇಳಿ.
— ಓದುಗ, ಹಾಸನ

ಉತ್ತರ: ಹೇಳುವುದಿಲ್ಲ ಮಗನೇ. ಹಿಂದೆ ನೀಲಿ ದೀಪ ಹಾಕಿದರೆ ಮೇಲೆ ಹೇಳಿದ 108ನೇ ನಿಯಮಕ್ಕೆ ನೇರ ವಿರುದ್ಧ. 111ನೇ ನಿಯಮ ಮುಂದೆ ಸ್ಪಾಟ್ ಲೈಟ್, ಸರ್ಚ್ ಲೈಟ್ ಹಾಕುವುದನ್ನು ತಡೆಯುತ್ತದೆ. ತೀರಾ ವಿಶೇಷ ಸಂದರ್ಭದಲ್ಲಿ ನೋಂದಣಿ ಅಧಿಕಾರಿಯಿಂದ ಮೊದಲೇ ಒಪ್ಪಿಗೆ ಪಡೆದವರಿಗೆ ಮಾತ್ರ ಬಿಡುವು. 106ನೇ ನಿಯಮ ಮುಂದಿನ ದೀಪ ಎದುರಿನವನ ಕಣ್ಣು ಕುಕ್ಕಬಾರದು ಅನ್ನುತ್ತದೆ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆಯೇ ಎಲ್ಲ ಕಡೆ ಕೇಸು ಹಾಕಿದ್ದು ನೆನಪಿದೆಯಾ? ಮೂರು ಬದಲಾವಣೆಗೆ 182ಎ ಲೆಕ್ಕ ನೀನೇ ಹಾಕಿಕೋ. ಅಷ್ಟು ದುಡ್ಡಿದ್ದರೆ ಒಂದು ಜೊತೆ ಒಳ್ಳೇ ಟೈರು ಬರುತ್ತದೆ.

ಪ್ರಶ್ನೆ: ನಾವು ಧಾರವಾಡದವರು, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಇದ್ದೇವೆ. ಜಪಾನಿನಿಂದ ಬಂದ ಹಳೆಯ ಟೊಯೊಟಾ ಆಲ್ಫಾರ್ಡ್ ಕೊಳ್ಳುವ ಯೋಚನೆ. ಹಿಂದೆ ಫಾಗ್ ಲೈಟ್ ಹಾಕಿಸಬೇಕಾಗುತ್ತೆ ಅಂತ ಗೆಳೆಯರು ಹೇಳುತ್ತಾರೆ. ಯಾಕೆ?
— ಓದುಗರು, ಲೆಸ್ಟರ್

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಸರಿ. ಜಪಾನಿನಲ್ಲಿ ಅದು ಕಡ್ಡಾಯವಲ್ಲ, ಹಾಗಾಗಿ ಅಲ್ಲಿಂದ ಬರುವ ಎಷ್ಟೋ ಗಾಡಿಗಳಲ್ಲಿ ಇರುವುದಿಲ್ಲ. ಬ್ರಿಟನ್ನಿನಲ್ಲಿ 1980ರ ಏಪ್ರಿಲ್ 1ರಿಂದ ಈಚೆಗೆ ರಸ್ತೆಗೆ ಬಂದ ಕಾರಿಗೆ ಕಡೇಪಕ್ಷ ಒಂದು ಬೇಕೇ ಬೇಕು, ನಡುವೆ ಅಥವಾ ಬಲಗಡೆ. ಗಾಡಿಗೆ 10 ವರ್ಷ ದಾಟಿದ್ದರೆ ಐವಿಎ ಪರೀಕ್ಷೆ (ಹೊರದೇಶದ ಗಾಡಿಯನ್ನು ನೋಂದಣಿಗೆ ಮುಂಚೆ ಒಪ್ಪುವ ತಪಾಸಣೆ) ತಪ್ಪುತ್ತದೆ, ಎಂಒಟಿ (ವರ್ಷಕ್ಕೊಮ್ಮೆಯ ಫಿಟ್‌ನೆಸ್ ತಪಾಸಣೆ) ತಪ್ಪುವುದಿಲ್ಲ. ಅಲ್ಲಿ ದೀಪವನ್ನೂ ನೋಡುತ್ತಾರೆ, ಸ್ವಿಚ್ಚನ್ನೂ ನೋಡುತ್ತಾರೆ, ಸೂಚಕ ದೀಪವನ್ನೂ ನೋಡುತ್ತಾರೆ.

ಮಾರುವವರು ಈಗಾಗಲೇ ಹಾಕಿಸಿದ್ದೇವೆ ಅಂದರೆ ನಂಬಿ ಸುಮ್ಮನಾಗಬೇಡಿ. ಒಬ್ಬರನ್ನು ಹಿಂದೆ ನಿಲ್ಲಿಸಿ, ಫಾಗ್ ಲೈಟ್ ಆರಿಸಿಟ್ಟು ಬ್ರೇಕ್ ಒತ್ತಿ. ಆ ದೀಪವೂ ಜೊತೆಗೆ ಹತ್ತಿದರೆ ವೈರನ್ನು ಬ್ರೇಕ್ ಲೈಟಿಗೆ ಸಿಕ್ಕಿಸಿದ್ದಾರೆ ಅಂತ ಅರ್ಥ. ಅಲ್ಲಿಯ ಕಾನೂನು ಅದನ್ನು ಒಪ್ಪುವುದಿಲ್ಲ. ಸ್ಪೀಡೋಮೀಟರ್ ಕಿಲೋಮೀಟರಿನಲ್ಲೇ ಇದೆಯೋ, ಮೈಲಿಗೆ ಬದಲಾಯಿಸಿದ್ದಾರೋ, ಅದನ್ನೂ ಆವತ್ತೇ ನೋಡಿಬಿಡಿ.